ನಿಮ್ಮ ಕೈಯಳತೆಗೆ ನೀವೇ ಕಟ್ಟಿದ ಗಾಳದ ರಾಡ್

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಗಾಳದ ರಾಡುಗಳು ಯಾರ ಕೈಯಳತೆ ನೋಡಿಯೂ ಮಾಡಿದವಲ್ಲ. ಹಿಡಿಕೆ ಒಬ್ಬರಿಗೆ ಉದ್ದವಾಗಿ ಪಕ್ಕೆಗೆ ತಿವಿಯುತ್ತದೆ, ಇನ್ನೊಬ್ಬರಿಗೆ ಗಿಡ್ಡವಾಗಿ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಕರಾವಳಿಯ ಬಂಡೆಗಳ ಮೇಲೆ ನಿಂತು ಮುರು, ಕೆಂಬೇರಿಗಾಗಿ ಕಾಯುವವರಿಗೆ ಬೇಕಾದ ರಾಡ್ ಒಂದು ಬಗೆಯದು. ಕೆರೆ ಏರಿಯ ಮೇಲೆ ಕೂತು ರೋಹು, ಕಾಟ್ಲಾ ಹಿಡಿಯುವವರಿಗೆ ಇನ್ನೊಂದು ಬಗೆಯದು. ಉಪ್ಪುಗಾಳಿಗೆ ಒಂದು ಗೈಡ್‌ನ, ಅಂದರೆ ಗಾಳದ ದಾರ ತೂರಿ ಹೋಗುವ ಬಳೆಯ, ಕಾಲು ತುಕ್ಕು ಹಿಡಿದು ಮುರಿದರಂತೂ ಅದನ್ನು ಕೂರಿಸಿಕೊಡುವವರು ಸಿಗದೆ ಚೆನ್ನಾಗಿದ್ದ ರಾಡ್ ಅಟ್ಟ ಸೇರುತ್ತದೆ.

ರಾಡ್ ಕಟ್ಟಲು ಕಲಿತರೆ ಈ ಎರಡೂ ತೊಂದರೆ ತಪ್ಪುತ್ತವೆ. ಇದಕ್ಕೆ ಲೇತ್ ಬೇಡ, ವರ್ಕ್‌ಶಾಪ್ ಬೇಡ. ಊಟದ ಮೇಜು, ಒಂದು ರಟ್ಟಿನ ಪೆಟ್ಟಿಗೆ, ದಪ್ಪನೆಯ ಪುಸ್ತಕ, ಹೊಸ ಬ್ಲೇಡು ಮತ್ತು ಅವಸರವಿಲ್ಲದ ಕೆಲವು ಸಂಜೆಗಳು ಸಾಕು. ಅಲಂಕಾರಕ್ಕೆ ಹಣ ಸುರಿಯಬೇಡಿ. ರಾಡ್ ಚೆನ್ನಾಗಿ ಎಸೆಯುವುದು, ಮೀನಿನ ಎಳೆತ ತಡೆಯುವುದು ಗೈಡ್‌ಗಳು ಸರಿಯಾದ ಜಾಗದಲ್ಲಿ ಕೂತಾಗ. ಬಣ್ಣದ ದಾರ, ಹೊಳಪು ಎಲ್ಲ ಆಮೇಲೆ.

ಮೊದಲ ಪಾಠ ಹಳೆಯ ರಾಡ್ ಮೇಲೆ

ಹೊಸ ಸಾಮಾನು ತರುವ ಮುಂಚೆ ಮನೆಯಲ್ಲಿರುವ ಹಳೆಯ ರಾಡಿನ ಒಂದೇ ಒಂದು ಗೈಡ್ ಬಿಚ್ಚಿ ಮತ್ತೆ ಕಟ್ಟಿ ನೋಡಿ. ಗೈಡ್ ಕಟ್ಟುವ ದಾರ ಸುತ್ತುವುದು, ಅದರ ಮೇಲೆ ಎಪಾಕ್ಸಿ (ಎರಡು ದ್ರವ ಬೆರೆಸಿ ಮಾಡುವ ಗಟ್ಟಿ ಲೇಪ) ಬಳಿಯುವುದು ಎರಡೂ ಅಲ್ಲೇ ಕೈಗೆ ಹತ್ತುತ್ತವೆ. ಈ ಅಭ್ಯಾಸವಿಲ್ಲದೆ ದುಬಾರಿ ಬ್ಲ್ಯಾಂಕ್‌ಗೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ಲ್ಯಾಂಕ್ ಎಂದರೆ ಹಿಡಿಕೆ, ಗೈಡ್ ಯಾವುದೂ ಇಲ್ಲದ ಬರಿಯ ಕೋಲು. ಫೈಬರ್ ಗ್ಲಾಸಿನದು ಸ್ವಲ್ಪ ತೂಕ, ಆದರೆ ಒರಟು ಬಳಕೆ ತಾಳುತ್ತದೆ. ಕಾರ್ಬನ್‌ನದು ಹಗುರ, ಮೀನು ಮುಟ್ಟಿದ್ದು ಕೈಗೆ ಬೇಗ ಗೊತ್ತಾಗುತ್ತದೆ, ಆದರೆ ಕಲ್ಲಿಗೆ ಬಡಿದು ಪೆಟ್ಟಾದರೆ ಮುಂದೊಂದು ದಿನ ಅದೇ ಜಾಗದಲ್ಲಿ ಮುರಿಯುತ್ತದೆ. ಮೊದಲ ಬಾರಿಗೆ ಏಳು ಅಡಿಯ, ಎರಡು ತುಂಡಿನ, ಮೀಡಿಯಂ ಪವರ್ (ಮಧ್ಯಮ ಬಿಗಿ) ಇರುವ, ರೀಲ್ ಕೆಳಗೆ ತೂಗುವ ಸ್ಪಿನ್ನಿಂಗ್ ಬ್ಲ್ಯಾಂಕ್ ಆರಿಸಿಕೊಳ್ಳಿ. ಬಸ್ಸಿನಲ್ಲಿ ಒಯ್ಯಲೂ ಸುಲಭ, ಕೆರೆಗೂ ಅಳಿವೆಗೂ ಆಗುತ್ತದೆ. ಎಷ್ಟು ಗ್ರಾಂ ಎಸೆಯಬಹುದು, ಎಷ್ಟು ಬಲದ ಗಾಳದ ದಾರ ಹಾಕಬಹುದು ಎಂಬುದನ್ನು ತಯಾರಕರು ಹೇಳಿರುತ್ತಾರೆ, ಅದನ್ನು ನಂಬಿ.

ಕಾವೇರಿಯ ಮಹಸೀರ್ ಮೀನಿನ ಕಥೆ ಕೇಳಿ ಮೊದಲ ರಾಡನ್ನೇ ಹೆವಿ ಮಾಡಲು ಹೊರಡುವವರಿದ್ದಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದದ್ದು ನಿಜ. ಆದರೆ ಕಾವೇರಿ ಕಣಿವೆಯ ಆ ದೊಡ್ಡ ಮಹಸೀರ್ 2018ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಮೀನು. ಅದು ಉಳಿಯಬೇಕು. ಅಭಯಾರಣ್ಯದೊಳಗಿನ ಹೊಳೆಯಲ್ಲಿ ಗಾಳ ಹಾಕುವ ಯೋಚನೆ ಬೇಡ. ಬೇರೆ ಜಲಾಶಯಗಳಲ್ಲೂ ಮೀನುಗಾರಿಕೆ ಇಲಾಖೆಯ ಅನುಮತಿ ವಿಚಾರಿಸಿಯೇ ಹೋಗಿ.

ಬೇಕಾದ ಸಾಮಾನು

ಬ್ಲ್ಯಾಂಕ್ ಜತೆಗೆ ಅದಕ್ಕೊಪ್ಪುವ ರೀಲ್ ಸೀಟ್ (ಗಾಳದ ದಾರ ಸುತ್ತುವ ರೀಲನ್ನು ಕೂರಿಸುವ ಭಾಗ), ಇವಿಎ ಫೋಮ್‌ನ ಹಿಂದಿನ ಮತ್ತು ಮುಂದಿನ ಹಿಡಿಕೆ, ಏಳು ಗೈಡ್, ಒಂದು ಟಿಪ್ ಟಾಪ್ (ರಾಡಿನ ತುದಿಗೆ ಕೂರಿಸುವ ಬಳೆ), ಗೈಡ್ ಕಟ್ಟಲು ಎ ಸೈಜಿನ ನೈಲಾನ್ ರಾಡ್ ದಾರ, ಎರಡು ಬಾಟಲಿಯ ರಾಡ್ ಎಪಾಕ್ಸಿ. ಕಾರ್ಕ್ ಹಿಡಿಕೆ ನೋಡಲು ಚೆಂದ, ಆದರೆ ಕೊರೆಯುವಾಗ ಪುಡಿಪುಡಿಯಾಗುತ್ತದೆ. ಹೊಸಬರಿಗೆ ಇವಿಎ ಒಳ್ಳೆಯದು. ರೀಲ್ ಹತ್ತಿರದಿಂದ ತುದಿಯ ಕಡೆಗೆ ಗೈಡ್‌ಗಳ ಅಳತೆ 25, 16, 10, 8, ಆಮೇಲೆ ಮೂರು 7 ಇರಲಿ. 2500 ಅಥವಾ 3000 ಸೈಜಿನ ರೀಲ್‌ಗೆ ಇದು ಹೊಂದುತ್ತದೆ. ಗಾಳಕ್ಕೆ ಹೆಣೆದ ದಾರ ಬಳಸುವವರು ಒಳಗೆ ಸೆರಾಮಿಕ್ ಬಳೆಯಿರುವ ಒಳ್ಳೆಯ ಗೈಡ್‌ಗಳನ್ನೇ ಕೊಳ್ಳಬೇಕು, ಅಗ್ಗದ ಲೋಹದ ಬಳೆಯಲ್ಲಿ ಆ ದಾರ ಗೀರು ಕೊರೆಯುತ್ತದೆ.

ಉಳಿದದ್ದೆಲ್ಲ ಊರಿನ ಹಾರ್ಡ್‌ವೇರ್ ಮತ್ತು ಔಷಧಿ ಅಂಗಡಿಯದು: ಸ್ಟ್ಯಾಂಡರ್ಡ್ ಅರಾಲ್ಡೈಟ್, ಮಾಸ್ಕಿಂಗ್ ಟೇಪ್, ಸ್ಯಾಂಡ್‌ಪೇಪರ್, ದುಂಡು ಅರ, ಸೂಜಿ ಇಲ್ಲದ ಸಿರಿಂಜು, ಕೈಗವಸು, ಮಾಸ್ಕ್.

ಹಿಡಿಕೆ ಕೂರಿಸುವುದು

ಬ್ಲ್ಯಾಂಕ್‌ನ ಬುಡವನ್ನು ಮೊಣಕೈಗೆ ತಾಗಿಸಿ ಮುಂಗೈ ಉದ್ದಕ್ಕೆ ಹಿಡಿಯಿರಿ. ಬೆರಳುಗಳು ಸಹಜವಾಗಿ ಎಲ್ಲಿ ಮುಚ್ಚಿಕೊಳ್ಳುತ್ತವೋ ಅಲ್ಲಿ ರೀಲಿನ ಕಾಂಡ ಬರಬೇಕು. ಅಲ್ಲಿಗೆ ಪೆನ್ಸಿಲಿನಿಂದ ಗುರುತು ಹಾಕಿ. ಎರಡೂ ಕೈ ಹಾಕಿ ದೂರ ಎಸೆಯುವ ಅಭ್ಯಾಸವಿದ್ದರೆ ನಾಲ್ಕು ಬೆರಳಷ್ಟು ಹೆಚ್ಚು ಬಿಡಿ.

ಈಗ ಬ್ಲ್ಯಾಂಕನ್ನು ಕಣ್ಣಿಗೆ ನೇರ ಹಿಡಿದು ಉದ್ದಕ್ಕೂ ನೋಡುತ್ತಾ ತಿರುಗಿಸಿ. ಹೆಚ್ಚಿನ ಬ್ಲ್ಯಾಂಕ್‌ಗಳಲ್ಲಿ ಒಂದಿಷ್ಟು ಬಾಗು ಇದ್ದೇ ಇರುತ್ತದೆ. ಆ ಬಾಗು ಎಡಕ್ಕೋ ಬಲಕ್ಕೋ ಬರದೆ ಮೇಲೆ ಕೆಳಗಿನ ದಿಕ್ಕಿನಲ್ಲಿ ಬರುವಂತೆ ಗೈಡ್‌ಗಳ ಸಾಲನ್ನು ಗುರುತಿಸಿ. ಬಗ್ಗಿಸಿದಾಗ ಬ್ಲ್ಯಾಂಕ್ ತಾನಾಗಿ ಒಂದು ಮಗ್ಗುಲಿಗೆ ಹೊರಳುವುದನ್ನು ಸ್ಪೈನ್ ಅನ್ನುತ್ತಾರೆ. ಗೈಡ್‌ಗಳನ್ನು ಅದರ ಮೇಲೆಯೇ ಕಟ್ಟಬೇಕೆಂದು ಕೆಲವರು ಪಟ್ಟು ಹಿಡಿಯುತ್ತಾರೆ. ನಾನು ನೇರಕ್ಕೇ ಮೊದಲ ಮಣೆ ಹಾಕುತ್ತೇನೆ.

ಹಿಡಿಕೆ ಬರುವಷ್ಟು ಜಾಗದ ಹೊಳಪನ್ನು ಮಾತ್ರ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ತೆಗೆಯಿರಿ. ನೀರು ಹಚ್ಚಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಕಾರ್ಬನ್ ಧೂಳು ಎದೆಗೆ ಒಳ್ಳೆಯದಲ್ಲ. ಬ್ಲ್ಯಾಂಕ್ ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಆದ್ದರಿಂದ ಎಲ್ಲವೂ ತುದಿಯ ಕಡೆಯಿಂದಲೇ ಇಳಿಯಬೇಕು. ಮೊದಲು ಹಿಂದಿನ ಹಿಡಿಕೆ, ಆಮೇಲೆ ರೀಲ್ ಸೀಟ್, ಕೊನೆಗೆ ಮುಂದಿನ ಹಿಡಿಕೆ. ಹಿಡಿಕೆಯ ತೂತನ್ನು ದುಂಡು ಅರದಿಂದ ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತಾ, ಪ್ರತಿ ಸಲವೂ ಹಾಕಿ ನೋಡುತ್ತಾ ಹೋಗಿ. ಒತ್ತಿದರೆ ಮಾತ್ರ ಇಳಿಯುವಷ್ಟು ಬಿಗಿ ಇರಬೇಕು.

ರೀಲ್ ಸೀಟಿನ ತೂತು ಬ್ಲ್ಯಾಂಕ್‌ಗಿಂತ ದೊಡ್ಡದಿರುತ್ತದೆ. ಆ ಸಂದು ತುಂಬಲು ಮಾಸ್ಕಿಂಗ್ ಟೇಪನ್ನು ಅರ್ಧ ಸೆಂಟಿಮೀಟರ್ ಅಗಲದ ಬಳೆಗಳಾಗಿ, ನಡುವೆ ಅಷ್ಟೇ ಜಾಗ ಬಿಟ್ಟು ಸುತ್ತಿ. ಉದ್ದಕ್ಕೂ ಟೇಪ್ ಸುತ್ತಿಬಿಟ್ಟರೆ ಅಂಟು ಹಿಡಿಯುವುದು ಟೇಪನ್ನು, ಬ್ಲ್ಯಾಂಕನ್ನಲ್ಲ. ಹಾಗಾದಾಗ ನಾಲ್ಕು ಸಲ ನೀರು ಒಳಹೊಕ್ಕರೆ ಸೀಟ್ ತಿರುಗತೊಡಗುತ್ತದೆ. ಅರಾಲ್ಡೈಟನ್ನು ಆ ಸಂದುಗಳಲ್ಲೆಲ್ಲ ತುಂಬಿ, ಸೀಟನ್ನು ತಿರುಗಿಸುತ್ತಾ ಇಳಿಸಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟು ಇಲ್ಲಿ ಬೇಡ, ಸಾಲು ಸರಿಪಡಿಸಲು ಅದು ಸಮಯ ಕೊಡುವುದಿಲ್ಲ. ರೀಲ್ ಕೂರುವ ಭಾಗ ಗೈಡ್ ಸಾಲಿಗೆ ನೇರ ಇದೆಯೇ ನೋಡಿ, ಹೊರಗೆ ಉಕ್ಕಿದ ಅಂಟನ್ನು ಒರೆಸಿ, ರಾತ್ರಿಯಿಡೀ ಮುಟ್ಟದೆ ಬಿಡಿ.

ಗೈಡ್‌ಗಳ ಜಾಗ

ಲೇಖನದ ಉಳಿದದ್ದನ್ನು ಮರೆತರೂ ಈ ಭಾಗವನ್ನು ಮರೆಯಬೇಡಿ. ಟಿಪ್ ಟಾಪನ್ನು ಕಡ್ಡಿ ಅಂಟಿನಿಂದ, ಅಂದರೆ ಬಿಸಿ ಮಾಡಿದರೆ ಕರಗುವ ಗ್ಲೂ ಸ್ಟಿಕ್‌ನಿಂದ ಅಂಟಿಸಿ. ಮುಂದೆ ಬದಲಿಸಬೇಕಾದಾಗ ಅದರ ಕೊಳವೆ ಬಿಸಿ ಮಾಡಿ ತೆಗೆಯಬಹುದು. ಜ್ವಾಲೆ ಬ್ಲ್ಯಾಂಕ್‌ಗೆ ತಾಗಬಾರದು.

ತುದಿಯಿಂದ ಅಳೆಯುತ್ತಾ 10, 21, 33, 47, 65, 88 ಮತ್ತು 118 ಸೆಂಟಿಮೀಟರ್‌ಗಳಲ್ಲಿ ಗುರುತು ಹಾಕಿ. ತುದಿಯಲ್ಲಿ ರಾಡ್ ಹೆಚ್ಚು ಬಾಗುವುದರಿಂದ ಗೈಡ್‌ಗಳು ಹತ್ತಿರ ಹತ್ತಿರ, ಬುಡದ ಕಡೆ ದೂರ ದೂರ. ಇದು ಆರಂಭಕ್ಕೆ ಮಾತ್ರ. ಕೊನೆಯ ತೀರ್ಮಾನ ನಿಮ್ಮ ಬ್ಲ್ಯಾಂಕ್‌ನದು. ಗುರುತು ಜೋಡಣೆಯ ಜಾಗದ ಮೇಲೆ ಬಿದ್ದರೆ ಗೈಡನ್ನು ಅತ್ತಿತ್ತ ಸರಿಸಿ. ಗೈಡ್‌ಗಳನ್ನು ಸಣ್ಣಗೆ ಕತ್ತರಿಸಿದ ಟೇಪಿನಿಂದ ತಾತ್ಕಾಲಿಕವಾಗಿ ಹಿಡಿಸಿ, ರೀಲ್ ಹಾಕಿ, ಎಲ್ಲದರೊಳಗಿಂದ ಗಾಳದ ದಾರ ತೂರಿಸಿ.

ದಾರದ ತುದಿಗೆ ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಕಟ್ಟಿ, ಮನೆಯವರೊಬ್ಬರ ಕೈಗೆ ರಾಡ್ ಕೊಟ್ಟು, ಬಾಟಲಿ ನೆಲ ಬಿಡುವವರೆಗೆ ಮೆಲ್ಲಗೆ ಎತ್ತಲು ಹೇಳಿ. ನೀವು ಪಕ್ಕದಲ್ಲಿ ನಿಂತು ದಾರ ನೋಡಿ. ದಾರ ಬ್ಲ್ಯಾಂಕ್‌ನ ಬಾಗನ್ನೇ ಅನುಸರಿಸುತ್ತಾ ಹೋಗಬೇಕು. ಎರಡು ಗೈಡ್‌ಗಳ ನಡುವೆ ದಾರ ನೆಟ್ಟಗೆ ನಿಂತು ಬ್ಲ್ಯಾಂಕ್ ಬಾಗಿ ದೂರ ಹೋದರೆ, ಅಲ್ಲಿ ಅಂತರ ಹೆಚ್ಚಾಗಿದೆ, ಹತ್ತಿರ ತನ್ನಿ. ಒಂದು ಗೈಡ್‌ನಲ್ಲಿ ದಾರ ಥಟ್ಟನೆ ಮುರಿದಂತೆ ಕೋನವಾದರೆ ಪಕ್ಕದ್ದನ್ನು ಸರಿಸಿ. ಎಲ್ಲ ಸರಿಯಾದ ಮೇಲೆ ಬಾಟಲಿ ಬಿಚ್ಚಿ, ಸಣ್ಣ ಗುಂಡು ಕಟ್ಟಿ ಬಯಲಿನಲ್ಲಿ ಹಗುರವಾಗಿ ಎಸೆದು ನೋಡಿ. ದೊಡ್ಡ ಗೈಡ್‌ಗೆ ದಾರ ಪಟಪಟ ಬಡಿಯುತ್ತಿದ್ದರೆ ಅದನ್ನು ಒಂದೆರಡು ಬೆರಳು ಮುಂದಕ್ಕೆ ಒಯ್ಯಿರಿ.

ದಾರ ಸುತ್ತುವುದು

ಕಟ್ಟುವ ಮುಂಚೆ ಪ್ರತಿ ಗೈಡ್‌ನ ಪಾದದ ತುದಿಯನ್ನು ಅರದಿಂದ ತೆಳ್ಳಗೆ, ಇಳಿಜಾರಾಗಿ ಮಾಡಿ. ದಾರ ಬ್ಲ್ಯಾಂಕ್‌ನಿಂದ ಪಾದದ ಮೇಲೆ ಎಡವದೆ ಹತ್ತಬೇಕು. ಪಾದದ ಅಡಿಯಲ್ಲಿ ಚೂಪು ಅಂಚು ಉಳಿದರೆ ಅದು ಬ್ಲ್ಯಾಂಕನ್ನು ಕೊರೆಯುತ್ತದೆ, ಅದನ್ನೂ ನುಣ್ಣಗೆ ಉಜ್ಜಿ.

ರಟ್ಟಿನ ಪೆಟ್ಟಿಗೆಯ ಎರಡು ಬದಿಗೆ ವಿ ಆಕಾರದಲ್ಲಿ ಕಚ್ಚು ಕತ್ತರಿಸಿ ರಾಡನ್ನು ಅದರ ಮೇಲಿಡಿ. ದಾರದ ಉಂಡೆಯನ್ನು ಲೋಟದಲ್ಲಿಟ್ಟು, ದಾರವನ್ನು ದಪ್ಪ ಪುಸ್ತಕದ ಹಾಳೆಗಳ ನಡುವಿನಿಂದ ಎಳೆದುಕೊಳ್ಳಿ. ಮೇಲೆ ಇನ್ನೊಂದು ಪುಸ್ತಕ ಹೇರಿದಷ್ಟೂ ಬಿಗಿ ಹೆಚ್ಚುತ್ತದೆ. ಪಾದದ ತುದಿಗಿಂತ ಮೂರ್ನಾಲ್ಕು ಮಿಲಿಮೀಟರ್ ಆಚೆ ಬ್ಲ್ಯಾಂಕ್ ಮೇಲೆ ಶುರು ಮಾಡಿ. ದಾರದ ತುದಿಯನ್ನು ಬ್ಲ್ಯಾಂಕ್ ಉದ್ದಕ್ಕೆ ಗೈಡ್ ಕಡೆಗೆ ಮಲಗಿಸಿ, ಅದರ ಮೇಲೆಯೇ ಐದಾರು ಸುತ್ತು ಸುತ್ತಿದರೆ ತುದಿ ಸಿಕ್ಕಿಕೊಳ್ಳುತ್ತದೆ. ಹೊರಗುಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿ. ಆಮೇಲೆ ದಾರ ಹಿಡಿದ ಕೈ ಅಲುಗದೆ, ರಾಡ್ ಮಾತ್ರ ತಿರುಗುತ್ತಾ ಹೋಗಲಿ. ಬುಗುರಿಗೆ ಚಾಟಿ ಸುತ್ತಿದಂತೆ ಸುತ್ತಿನ ಪಕ್ಕ ಸುತ್ತು ಒತ್ತಾಗಿ ಕೂರಬೇಕು. ಸಂದು ಕಂಡರೆ ಉಗುರಿನಿಂದ ದೂಡಿ.

ಮುಗಿಯಲು ಆರೆಂಟು ಸುತ್ತು ಇರುವಾಗ ಬೇರೆ ದಾರವನ್ನು ಮಡಚಿ ಕುಣಿಕೆ ಮಾಡಿ ಇಟ್ಟು, ಅದರ ಮೇಲೆ ಸುತ್ತುವುದನ್ನು ಮುಂದುವರಿಸಿ. ಕೊನೆಗೆ ದಾರ ಕತ್ತರಿಸಿ, ತುದಿಯನ್ನು ಕುಣಿಕೆಗೆ ತೂರಿಸಿ, ಕುಣಿಕೆ ಎಳೆದರೆ ತುದಿ ಸುತ್ತುಗಳ ಅಡಿಗೆ ಹೋಗಿ ಕೂರುತ್ತದೆ. ಗಂಟಿಲ್ಲ, ಅಂಟಿಲ್ಲ. ಬಿಗಿ ಎಷ್ಟಿರಬೇಕೆಂದರೆ, ಹೆಬ್ಬೆರಳಿನಿಂದ ಒತ್ತಿದರೆ ಗೈಡ್ ಇನ್ನೂ ಕೂದಲೆಳೆಯಷ್ಟು ಸರಿಯಬೇಕು. ಎಲ್ಲ ಕಟ್ಟಿದ ಮೇಲೆ ಬುಡದಿಂದ ನೋಡುತ್ತಾ ಸಾಲು ಸರಿಪಡಿಸಲು ಆ ಸಡಿಲ ಬೇಕು.

ಎರಡು ತುಂಡು ಸೇರುವಲ್ಲಿ ಹೊರಗಿನ ಕೊಳವೆಯ ಬಾಯಿಗೂ ಎರಡು ಬೆರಳಗಲ ದಾರ ಸುತ್ತಬೇಕು. ಇದನ್ನು ಬಿಟ್ಟರೆ ಎಸೆಯುವ ರಭಸಕ್ಕೆ ಆ ಬಾಯಿ ಸೀಳುತ್ತದೆ.

ಎಪಾಕ್ಸಿ ಬಳಿಯುವ ದಿನ

ಹಿಡಿಕೆಗೆ ಹಾಕಿದ ಅರಾಲ್ಡೈಟನ್ನು ದಾರದ ಮೇಲೆ ಬಳಿಯಬೇಡಿ, ಅದು ಹಳದಿ ತಿರುಗುತ್ತದೆ, ಸಮನಾಗಿ ಹರಡಿಕೊಳ್ಳುವುದೂ ಇಲ್ಲ. ರಾಡ್ ಎಪಾಕ್ಸಿಯೇ ಬೇಕು. ಒಣ ದಿನ ಆರಿಸಿ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಮೇಲ್ಮೈ ಮಂಜುಗಟ್ಟಿ ಅಂಟಂಟಾಗಿ ಉಳಿಯುತ್ತದೆ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಸುತ್ತಿದ ದಾರ ಮುಟ್ಟಲೇಬೇಡಿ, ಎಣ್ಣೆ ತಗುಲಿದ ಜಾಗದಲ್ಲಿ ಎಪಾಕ್ಸಿ ಹಿಡಿಯದೆ ಕುಳಿ ಬೀಳುತ್ತದೆ. ನೈಲಾನ್ ದಾರದ ಬಣ್ಣ ಎಪಾಕ್ಸಿ ಹೀರಿ ಗಾಢವಾಗುತ್ತದೆ ಎಂಬುದೂ ಗೊತ್ತಿರಲಿ.

ಎರಡು ಬಾಟಲಿಗೆ ಎರಡು ಬೇರೆ ಸಿರಿಂಜು. ಬಾಟಲಿಯ ಮೇಲೆ ಸಮಪಾಲು ಎಂದಿದ್ದರೆ ತಲಾ 3 ಮಿಲಿಲೀಟರ್ ತೆಗೆಯಿರಿ. ಅದಕ್ಕಿಂತ ಕಡಿಮೆ ತೆಗೆದರೆ ಒಂದು ಹನಿಯ ವ್ಯತ್ಯಾಸಕ್ಕೂ ಪಾಕ ಕೆಟ್ಟು, ಎಷ್ಟು ದಿನವಾದರೂ ಗಟ್ಟಿಯಾಗುವುದಿಲ್ಲ. ಗುಳ್ಳೆ ಏಳದಂತೆ ನಿಧಾನವಾಗಿ ಮೂರು ನಾಲ್ಕು ನಿಮಿಷ ಕಲಸಿ, ಅಲ್ಯೂಮಿನಿಯಂ ಫಾಯಿಲ್ ಮೇಲೆ ತೆಳ್ಳಗೆ ಸುರಿಯಿರಿ. ಗುಳ್ಳೆ ಒಡೆಯುತ್ತವೆ, ಬೇಗ ಗಟ್ಟಿಯಾಗುವುದೂ ಇಲ್ಲ. ಬ್ರಷ್‌ನಿಂದ ತೆಳ್ಳಗೆ ಬಳಿಯಿರಿ. ಒಂದು ದಪ್ಪ ಕೋಟಿಗಿಂತ ಮರುದಿನ ಇನ್ನೊಂದು ತೆಳು ಕೋಟು ಲೇಸು.

ಬಳಿದ ಮೇಲೆ ರಾಡ್ ತಿರುಗುತ್ತಲೇ ಇರಬೇಕು, ಇಲ್ಲವಾದರೆ ಎಪಾಕ್ಸಿ ಕೆಳಗಿಳಿದು ಜೋತುಬೀಳುತ್ತದೆ. ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಪುಟ್ಟ ಮೋಟಾರು ಬಿಡಿಯಾಗಿ ಸಿಗುತ್ತದೆ, ನಿಮಿಷಕ್ಕೆ ಐದಾರು ಸುತ್ತು ತಿರುಗುವಂಥದ್ದು ಈ ಕೆಲಸಕ್ಕೆ ಸಾಕು. ಮನೆಯ ಕರೆಂಟಿಗೆ ನೇರ ಹಾಕುವ 220 ವೋಲ್ಟ್‌ನದೇ ತನ್ನಿ, ವೈರಿಂಗನ್ನು ಗೊತ್ತಿದ್ದವರಿಂದ ಮಾಡಿಸಿ. ಮೋಟಾರ್ ಇಲ್ಲದವರು ಮೊದಲ ಎರಡು ಗಂಟೆ ಐದೈದು ನಿಮಿಷಕ್ಕೊಮ್ಮೆ ಅರ್ಧ ಸುತ್ತು ಕೈಯಲ್ಲೇ ತಿರುಗಿಸಿ, ಆಮೇಲೆ ಗಟ್ಟಿಯಾಗುವವರೆಗೆ ಆಗಾಗ. ಕೈಗವಸು ಬಿಚ್ಚಬೇಡಿ, ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಗುಲಿದರೆ ಅಲರ್ಜಿ ಶುರುವಾಗಿ ಮುಂದೆ ಈ ಕೆಲಸವನ್ನೇ ಬಿಡಬೇಕಾಗಬಹುದು.

ನೀರಿಗೆ ಹೋಗುವ ಮುಂಚೆ

ಮುಟ್ಟಿದರೆ ಒಣಗಿದಂತೆ ಕಂಡರೂ ಒಂದು ವಾರ ಕಾದು ರಾಡ್ ಬಗ್ಗಿಸಿ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಕೆರೆ ಏರಿ, ನಾಲೆ ದಡಗಳಲ್ಲಿ ಪಂಪ್‌ಸೆಟ್ಟಿನ ತಂತಿಗಳು ಎಷ್ಟು ತಗ್ಗಿನಲ್ಲಿ ಜೋತಾಡುತ್ತವೆಂಬುದು ಹಳ್ಳಿಯವರಿಗೆ ಗೊತ್ತು. ಎಸೆಯುವ ಮುಂಚೆ ತಲೆ ಎತ್ತಿ ನೋಡಿ, ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ದೂರ ಹೋಗಿ. ಉಪ್ಪುನೀರಿನಿಂದ ಬಂದ ದಿನ ಸಿಹಿನೀರಲ್ಲಿ ತೊಳೆಯಿರಿ.

ಆಗಾಗ ಗೈಡ್‌ನ ಬಳೆಯೊಳಗೆ ಹತ್ತಿ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಗೈಡ್ ಬದಲಿಸಬೇಕು. ಬಿಚ್ಚುವಾಗ ಬ್ಲೇಡನ್ನು ಗೈಡ್‌ನ ಪಾದದ ಮೇಲೆ ಮಾತ್ರ ಆಡಿಸಿ ದಾರ ಕತ್ತರಿಸಿ, ಬ್ಲ್ಯಾಂಕ್ ಮೇಲೆ ಎಂದೂ ಬೇಡ. ಪಾದದ ಲೋಹ ಬ್ಲೇಡಿನ ಏಟು ತಡೆದುಕೊಳ್ಳುತ್ತದೆ, ಬ್ಲ್ಯಾಂಕ್ ತಡೆಯುವುದಿಲ್ಲ.