ಹಳೇ ಟ್ಯೂಬ್ ಆ್ಯಂಪ್‌ನ ಗಂಟಲು ಬಿಡಿಸುವುದು

ನನ್ನ ಗಿಟಾರ್ ಆ್ಯಂಪ್ ನನ್ನ ಹತ್ತಿರ ಬರುವ ಮೊದಲು ಇಬ್ಬರ ಕೈ ದಾಟಿತ್ತು. 15 ವ್ಯಾಟ್‌ನ ಕಾಂಬೊ, ಅಂದರೆ ಆ್ಯಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ. ಸ್ಪೀಕರನ್ನು ನಡೆಸುವ ಎರಡು ಇಎಲ್84 ಪವರ್ ಟ್ಯೂಬ್, ಅದಕ್ಕೂ ಮೊದಲು ಗಿಟಾರ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಮೂರು 12ಎಎಕ್ಸ್7 ಪ್ರೀಆ್ಯಂಪ್ ಟ್ಯೂಬ್, 12 ಇಂಚಿನ ಒಂದೇ ಸ್ಪೀಕರ್. ತಂದ ದಿನವೇ ಆಸೆ ತಡೆಯದೆ ಗೇನ್ (ಪ್ರೀಆ್ಯಂಪ್ ಎಷ್ಟು ಹಿಗ್ಗಿಸಬೇಕು ಅನ್ನುವ ನಾಬ್) ಹತ್ತಕ್ಕೆ, ಬಾಸ್ ಎಂಟಕ್ಕೆ ತಿರುಗಿಸಿದೆ. ಮನೆಯವರಿಗೆ ಹೆದರಿ ಒಟ್ಟು ಸದ್ದಿನ ಮಾಸ್ಟರ್ ವಾಲ್ಯೂಮ್ ಮಾತ್ರ ಒಂದಕ್ಕಿಟ್ಟು ಕಾರ್ಡ್ ಹೊಡೆದೆ. ಬಂದದ್ದು ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೀರುಂಡೆಯ ಸದ್ದು. ಮೋಸ ಹೋದೆ ಅಂತಲೇ ಎರಡು ವಾರ ಕೊರಗಿದೆ. ಆಮೇಲೆ ಗೊತ್ತಾಯಿತು, ತಪ್ಪು ಕಾಲು ಪಾಲು ಆ್ಯಂಪ್‌ನದು, ಮುಕ್ಕಾಲು ನನ್ನದೇ.

ಆ ಕಾಲು ಪಾಲನ್ನು ಮೊದಲು ಮುಗಿಸಿಕೊಳ್ಳಿ. ಗಿಟಾರ್ ಸಿಕ್ಕಿಸದೆ ಆ್ಯಂಪ್ ಆನ್ ಮಾಡಿ, ವಾಲ್ಯೂಮ್ ಎಲ್ಲ ಸೊನ್ನೆಗಿಳಿಸಿ ಕಿವಿಗೊಡಿ. ಆಗಲೂ ಜೋರಾಗಿ ಗುಂಯ್ ಅನ್ನುತ್ತಿದ್ದರೆ ಒಳಗಿನ ವಿದ್ಯುತ್ತಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ಅನುಮಾನ ಪಡಬಹುದು. ಅವನ್ನು ನೋಡುವುದು ರಿಪೇರಿ ಬಲ್ಲವರ ಕೆಲಸ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ 300–400 ವೋಲ್ಟ್ ಉಳಿದಿರಬಹುದು, ಜೀವ ತೆಗೆಯಲು ಅಷ್ಟು ಧಾರಾಳವಾಗಿ ಸಾಕು. ನಾಬ್ ತಿರುಗಿಸುವಾಗ ಕರಕರ ಅಂದರೆ ಅದು ಸಾಮಾನ್ಯವಾಗಿ ಬರೀ ಕೊಳೆ. ಅದೇ ರಿಪೇರಿಯವರು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸರಿಹೋಗುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಗೇನ್ ಅರ್ಧಕ್ಕಿಟ್ಟು, ಪೆನ್ಸಿಲ್‌ನ ರಬ್ಬರ್ ತುದಿಯಿಂದ ಪ್ರೀಆ್ಯಂಪ್ ಟ್ಯೂಬ್‌ಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಮಂದವಾಗಿ ಟಪ್ ಅಂದರೆ ಚಿಂತೆಯಿಲ್ಲ. ನನ್ನ ಮೊದಲನೆಯ ಟ್ಯೂಬ್ ಸೈಕಲ್ ಬೆಲ್ಲಿನ ಹಾಗೆ ಟ್ರಿಣ್ ಎಂದು, ಒಂದು ಕ್ಷಣ ಹಾಗೇ ಅನುರಣಿಸಿತು. ಇನ್‌ಪುಟ್‌ಗೆ ಅಂಟಿಕೊಂಡಿರುವ ಟ್ಯೂಬ್‌ಗೆ ಈ ರೋಗವಿದ್ದರೆ ಮುಂದಿನ ಪ್ರತಿ ಹಂತವೂ ಅದನ್ನು ಹಿಗ್ಗಿಸುತ್ತಾ ಹೋಗುತ್ತದೆ. ನನ್ನ ಆ್ಯಂಪ್‌ನಲ್ಲಿ ಮೂರೂ ಒಂದೇ ಜಾತಿಯವು. ಹಾಗಾಗಿ ಆಫ್ ಮಾಡಿ, ಪ್ಲಗ್ ತೆಗೆದು, ಟ್ಯೂಬ್ ಆರಿದ ಮೇಲೆ ಅದನ್ನು ಪವರ್ ಟ್ಯೂಬ್‌ಗಳ ಮುಂಚಿನ ಫೇಸ್ ಇನ್ವರ್ಟರ್ (ಸಂಕೇತವನ್ನು ಎರಡೂ ಪವರ್ ಟ್ಯೂಬ್‌ಗೆ ಸೀಳಿ ಕೊಡುವ ಹಂತ) ಜಾಗಕ್ಕೆ ಹಾಕಿ, ಅಲ್ಲಿದ್ದದ್ದನ್ನು ಮುಂದಕ್ಕೆ ತಂದೆ. ಖರ್ಚಿಲ್ಲದೆ ಅರ್ಧ ಕಿರಿಕಿರಿ ನಿಂತಿತು.

ಪವರ್ ಟ್ಯೂಬ್‌ಗಳನ್ನು ಕತ್ತಲೆಯಲ್ಲಿ ನೋಡಿ. ನಡುವಿನ ಹೀಟರ್ ಕೆಂಡದಂತೆ ಹೊಳೆಯುವುದು ಸಹಜ, ಗಾಜಿನ ಒಳಮೈಗೆ ತೆಳು ನೀಲಿ ಬಣ್ಣ ಕಂಡರೂ ಪರವಾಗಿಲ್ಲ. ಹೊರಗಿನ ಬೂದು ಲೋಹದ ತಗಡೇ ಕೆಂಪಗಾದರೆ ಮಾತ್ರ ತಕ್ಷಣ ಆಫ್ ಮಾಡಿ. ಟ್ಯೂಬ್ ಬದಲಿಸುವುದಾದರೆ ನಿಮ್ಮದು ಕ್ಯಾಥೋಡ್ ಬಯಾಸ್ ಆ್ಯಂಪೋ ಫಿಕ್ಸೆಡ್ ಬಯಾಸೋ ತಿಳಿದುಕೊಳ್ಳಿ. ಬಯಾಸ್ ಅಂದರೆ ಸುಮ್ಮನಿದ್ದಾಗ ಟ್ಯೂಬ್‌ನಲ್ಲಿ ಎಷ್ಟು ವಿದ್ಯುತ್ ಹರಿಯಬೇಕು ಅನ್ನುವ ಹೊಂದಾಣಿಕೆ. ಮೊದಲನೆಯದಾದರೆ ಸಾಮಾನ್ಯವಾಗಿ ಅದೇ ಬಗೆಯ ಹೊಂದಿಕೆಯ ಜೋಡಿ ಹಾಕಿದರೆ ಮುಗಿಯಿತು. ಎರಡನೆಯದಾದರೆ ಬಯಾಸ್ ಅಳೆದು ಹೊಂದಿಸಬೇಕು.

ಇನ್ನು ನನ್ನ ಮುಕ್ಕಾಲು ಪಾಲು. ಡಿಸ್ಟಾರ್ಷನ್, ಅಂದರೆ ರಾಕ್ ಗಿಟಾರ್‌ನ ಆ ಒಡೆದ ದನಿ, ಬರೀ ಗೇನ್ ನಾಬ್‌ನ ಕೆಲಸ ಅಂದುಕೊಂಡಿದ್ದೆ. ಟ್ಯೂಬ್ ಆ್ಯಂಪ್‌ನಲ್ಲಿ ದನಿ ಒಡೆಯುವುದು ಒಂದೇ ಕಡೆ ಅಲ್ಲ. ಪ್ರೀಆ್ಯಂಪ್, ಫೇಸ್ ಇನ್ವರ್ಟರ್, ಪವರ್ ಟ್ಯೂಬ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಎಲ್ಲ ಕಡೆಯೂ ಒಡೆಯುತ್ತದೆ. ಪ್ರತಿ ಹಂತದಲ್ಲೂ ಒಂದಿಷ್ಟೇ ಒಡೆದರೆ ದಪ್ಪನೆಯ, ಬೆರಳಿನ ಮಾತು ಕೇಳುವ ದನಿ. ಎಲ್ಲ ಭಾರವನ್ನೂ ಪ್ರೀಆ್ಯಂಪ್ ತಲೆಗೆ ಕಟ್ಟಿದರೆ ಜೀರುಂಡೆ.

ಹಾಗಾಗಿ ಗೇನ್‌ಗೆ ಕೊನೆಗೆ ಕೈ ಹಾಕಿ. ಮೊದಲು ಗೇನ್ 3, ಬಾಸ್ 2, ಮಿಡ್ 7, ಟ್ರೆಬಲ್ 5. ಈಗ ತೆರೆದ ಇ ಕಾರ್ಡ್ ಹೊಡೆಯುತ್ತಾ ಮಾಸ್ಟರ್ ಏರಿಸುತ್ತಾ ಹೋಗಿ. ಒಂದು ಹಂತದ ತನಕ ಸದ್ದು ಬರೀ ಜೋರಾಗುತ್ತದೆ. ಆಮೇಲೆ ಜೋರಾಗುವುದು ನಿಂತು ದಪ್ಪಗಾಗಲು ಶುರುವಾಗುತ್ತದೆ. ಪಿಕ್ ತಾಗಿದ ಕ್ಷಣ ದನಿ ತುಸು ಕುಗ್ಗಿ, ಮರುಕ್ಷಣ ಉಬ್ಬಿ ಬರುತ್ತದೆ. ಕಿವಿಗಿಂತ ಮೊದಲು ಬಲಗೈಗೆ ತಿಳಿಯುತ್ತದೆ ಅದು. ಅಲ್ಲಿ ನಿಲ್ಲಿಸಿ, ಕಮ್ಮಿ ಅನ್ನಿಸಿದಷ್ಟು ಮಾತ್ರ ಗೇನ್ ಸೇರಿಸಿ. ಮಾಸ್ಟರ್ ಇಲ್ಲದ ಆ್ಯಂಪ್ ಆದರೆ ಇರುವ ಒಂದೇ ವಾಲ್ಯೂಮ್‌ನಿಂದ ಇದನ್ನೇ ಮಾಡಿ.

ಹೆಚ್ಚಾಯಿತೋ ಇಲ್ಲವೋ ನೋಡಲು ಗಿಟಾರ್‌ನ ವಾಲ್ಯೂಮನ್ನು ಆರಕ್ಕಿಳಿಸಿ. ದನಿ ಹೆಚ್ಚುಕಡಿಮೆ ತಿಳಿಯಾಗಬೇಕು. ಆರಕ್ಕಿಳಿಸಿದರೂ ಕಾರ್ಡ್‌ನ ಆರು ತಂತಿ ಬೇರೆಬೇರೆ ಕೇಳದಿದ್ದರೆ ಗೇನ್ ಒಂದು ಸಂಖ್ಯೆ ಇಳಿಸಿ.

ಬಾಸ್ ಎರಡಕ್ಕೇ ಏಕೆ ಅಂತ ಕೇಳಬಹುದು. ಒಡೆಯುವ ಮೊದಲು ಒಳಗೆ ಹೋದ ಬಾಸ್ ಹೊರಬರುವುದು ಅಂಬಲಿಯಾಗಿ. ಅಂಗೈ ಒತ್ತಿ ಕೆಳತಂತಿ ಬಾರಿಸಿದಾಗ ಒಂದೊಂದು ಪೆಟ್ಟು ಪ್ರತ್ಯೇಕವಾಗಿ ಕೇಳದೆ ಗೊಳಗೊಳ ಅನ್ನುವುದು ಇದರಿಂದಲೇ. ಫೆಂಡರ್‌ನ ಎಷ್ಟೋ ಹಳೇ ಮಾದರಿಗಳಲ್ಲಿ ಟೋನ್ ನಾಬ್‌ಗಳು ವಾಲ್ಯೂಮ್‌ಗಿಂತ ಮುಂಚೆ ಕೂತಿವೆ. ಅಲ್ಲಿ ಬಾಸ್ ಇಳಿಸಿದರೆ ಡಿಸ್ಟಾರ್ಷನ್‌ನ ಗುಣವೇ ಬದಲಾಗುತ್ತದೆ. ಮಾರ್ಷಲ್ ಬಗೆಯವುಗಳಲ್ಲಿ ಅವು ಪ್ರೀಆ್ಯಂಪ್‌ನ ಗೇನ್ ಹಂತಗಳ ಆಚೆ ಇವೆ. ಅಂಥ ಕಡೆ ಬಾಸನ್ನು ಆ್ಯಂಪ್‌ಗೆ ಮುಂಚೆಯೇ ಸೋಸಬೇಕಾಗುತ್ತದೆ. ಆ ಕೆಲಸಕ್ಕೆ ನನಗೆ ಒಪ್ಪಿದ್ದು ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲ್, ಗಿಟಾರ್ ಮತ್ತು ಆ್ಯಂಪ್ ನಡುವೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುಮಧ್ಯ. ಅದು ಕೆಳದನಿಯನ್ನು ಕತ್ತರಿಸಿ, ಸುಮಾರು 720 ಹರ್ಟ್ಸ್ ಆಸುಪಾಸಿನ ಮಿಡ್ಡನ್ನು ಎತ್ತಿ, ಮೊದಲ ಟ್ಯೂಬನ್ನು ಬೆನ್ನು ಹಿಡಿದು ನೂಕುತ್ತದೆ. ಅದರ ಸ್ವಂತ ಡಿಸ್ಟಾರ್ಷನ್ ನನಗೆ ಬೇಡ.

ಮನೆಯಲ್ಲಿ ಮಾಸ್ಟರ್ ಏರಿಸಲು ಬಿಡಬೇಕಲ್ಲ, ನಿಜ. ಕಡಿಮೆ ವ್ಯಾಟ್ ಆ್ಯಂಪ್ ಕೊಂಡರಾಯಿತು ಅನ್ನುವ ಲೆಕ್ಕ ಮಾತ್ರ ಕೈಕೊಡುತ್ತದೆ. 15 ವ್ಯಾಟನ್ನು ಅರ್ಧ ಮಾಡಿದರೆ ಇಳಿಯುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಅರ್ಧ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದರೆ ಹತ್ತನೇ ಒಂದು ಪಾಲು ವ್ಯಾಟ್. ಆ್ಯಂಪ್ ಮತ್ತು ಸ್ಪೀಕರ್ ನಡುವೆ, ಆ್ಯಂಪ್‌ನ ಬಲವನ್ನು ತಾನು ನುಂಗಿ ಸ್ಪೀಕರ್‌ಗೆ ಸ್ವಲ್ಪವೇ ಬಿಡುವ ಅಟೆನ್ಯುಯೇಟರ್ ಹಾಕುವುದೇ ವಾಸಿ. ಓಮ್ ಸಂಖ್ಯೆ ಎರಡೂ ಕಡೆ ಹೊಂದಲಿ, ನಡುವೆ ಗಿಟಾರ್ ಕೇಬಲ್ ಬೇಡ, ಸ್ಪೀಕರ್ ಕೇಬಲ್ಲೇ ಬೇಕು. ಸ್ಪೀಕರ್ ಇಲ್ಲದೆ, ಅದರ ಬದಲಿಗೆ ಲೋಡೂ ಇಲ್ಲದೆ ಟ್ಯೂಬ್ ಆ್ಯಂಪ್ ಬಾರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಸ್ಪೀಕರ್ ವಿಷಯಕ್ಕೆ ಬಂದೆ. ನನ್ನದರ ಕೋನ್ (ಅದುರುವ ಕಾಗದದ ಭಾಗ) ಅಂಚಿನಲ್ಲಿ ಬೆರಳುದ್ದ ಹರಿದಿತ್ತು. 1960ರ ದಶಕದಲ್ಲಿ ಬ್ರಿಟನ್ನಿನ ರಾಕ್ ತಂಡ ಕಿಂಕ್ಸ್‌ನ ಗಿಟಾರ್ ವಾದಕ ಡೇವ್ ಡೇವೀಸ್ ಬೇಕೆಂದೇ ಸ್ಪೀಕರ್ ಕೋನನ್ನು ಬ್ಲೇಡಿನಿಂದ ಸೀಳಿ ತಮ್ಮ ಗೊಗ್ಗರು ದನಿ ಕಂಡುಕೊಂಡದ್ದು ಓದಿದ್ದೆನಲ್ಲ, ನನಗೂ ಅದೃಷ್ಟ ಒಲಿಯಿತು ಅಂತ ಬೀಗಿದ್ದೆ. ನನ್ನದು ಗೊಗ್ಗರಲ್ಲ, ಬರೀ ಪಟಪಟ. ಬದಲಿಸುವಾಗ ಸೆಲೆಸ್ಟಿಯನ್ ಕಂಪನಿಯ ಎರಡು ಸ್ಪೀಕರ್‌ಗಳನ್ನು ತೂಗಿ ನೋಡಿದೆ. ಗ್ರೀನ್‌ಬ್ಯಾಕ್ ತಡೆಯುವುದು 25 ವ್ಯಾಟ್, ಒಂದು ವ್ಯಾಟ್ ಕೊಟ್ಟರೆ ಹೊರಡುವ ಸದ್ದು 98 ಡೆಸಿಬೆಲ್. ವಿಂಟೇಜ್ 30 ಹೆಸರಿಗೆ ಮೂವತ್ತು, ತಡೆಯುವುದು 60 ವ್ಯಾಟ್, 100 ಡೆಸಿಬೆಲ್. ಪೂರ್ತಿ ಒಡೆದಾಗ 15 ವ್ಯಾಟ್ ಆ್ಯಂಪ್ ತನ್ನ ಹಣೆಪಟ್ಟಿಗಿಂತ ಸಾಕಷ್ಟು ಹೆಚ್ಚೇ ಕಕ್ಕುತ್ತದೆ. ಅದಕ್ಕೆ ಎರಡನೆಯದನ್ನೇ ಆರಿಸಿದೆ, ಜೋರು ತುಸು ಹೆಚ್ಚಾದರೂ.

ಅದಾದ ಮೇಲೂ ಒಂದು ತಪ್ಪು ಮಾಡುತ್ತಲೇ ಇದ್ದೆ. ಅಭ್ಯಾಸದ ದಿನ ನಮ್ಮ ಡ್ರಮ್ಮರ್ ಕಿವಿ ಮುಚ್ಚಿಕೊಂಡು ‘ಗುರುವೇ, ಗರಗಸ ಹಿಡಿದಂಗಿದೆ’ ಅಂದ. ನಾನು ಆ್ಯಂಪ್‌ನ ಪಕ್ಕ ನಿಂತಿದ್ದೆ, ನನಗೆ ದನಿ ಮಂದವಾಗೇ ಇತ್ತು. ಟ್ರೆಬಲ್ ಟಾರ್ಚಿನ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ. ನೆಲದ ಮೇಲಿನ ಆ್ಯಂಪ್ ನನ್ನ ಮೊಣಕಾಲಿಗೆ ಬಾರಿಸುತ್ತಿತ್ತು, ಸ್ಟೂಲಿನ ಮೇಲೆ ಎದುರಿಗೇ ಕೂತವನ ಕಿವಿಗೆ ನಾಟುತ್ತಿತ್ತು. ಸ್ಪೀಕರ್ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿ, ನಾಚಿಕೊಂಡು, ಟ್ರೆಬಲ್ ಏಳರಿಂದ ನಾಲ್ಕಕ್ಕಿಳಿಸಿದೆ. ಈಗ ಆ್ಯಂಪನ್ನು ಒಂದು ಕುರ್ಚಿಯ ಮೇಲೆ ವಾಲಿಸಿ ಇಡುತ್ತೇನೆ.

ಪ್ರತಿಧ್ವನಿ ಕೊಡುವ ಡಿಲೇ ಪೆಡಲ್ ಇದ್ದರೆ ಆ್ಯಂಪ್‌ನ ಎಫೆಕ್ಟ್ಸ್ ಲೂಪಿಗೆ (ಪ್ರೀಆ್ಯಂಪ್ ದಾಟಿದ ಮೇಲಿನ ಜ್ಯಾಕ್‌ಗಳಿಗೆ) ಹಾಕಿ, ಇನ್‌ಪುಟ್‌ಗೆ ಮುಂಚೆ ಬೇಡ. ಇಷ್ಟೆಲ್ಲ ಮಾಡಿದರೂ ಗೇನ್ ಒರಟೆನಿಸಿದರೆ ಮೊದಲ ಟ್ಯೂಬಿನ ಜಾಗಕ್ಕೆ 5751 ಅನ್ನುವ ಟ್ಯೂಬ್ ಹಾಕಿ ನೋಡಿ. 12ಎಎಕ್ಸ್7ರ ವರ್ಧನಾಂಕ 100, ಇದರದು 70. ನನ್ನದರಲ್ಲಿ ಈಗ ಅದೇ ಕೂತಿದೆ. ಎರಡು ಸುರುಳಿಯ ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಇರುವ ಗಿಟಾರ್ ಜೊತೆ ಗೇನ್ 4, ಬಾಸ್ 3, ಮಿಡ್ 7, ಟ್ರೆಬಲ್ 4. ಒಂದೇ ಸುರುಳಿಯ, ಸಿಂಗಲ್ ಕಾಯಿಲ್ ಪಿಕಪ್ಪಿನ ಗಿಟಾರ್ ಎತ್ತಿಕೊಂಡ ದಿನ ಗೇನ್ ಒಂದು ಮೇಲೆ, ಟ್ರೆಬಲ್ ಒಂದು ಕೆಳಗೆ.