"ಇಷ್ಟು ಕೋಟಿ ಕಾಪಿ ಮಾರಾಟ" ಅಂತ ಕಂಡ್ರೆ ಆ ನಂಬರನ್ನ ಓದೋದು ಹೇಗೆ?

ಸ್ವಲ್ಪ ದಿನದ ಹಿಂದೆ ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ, ಇವತ್ತಿನವರೆಗೆ ಅತಿ ಹೆಚ್ಚು ಮಾರಾಟ ಆಗಿರೋ ವಿಡಿಯೋ ಗೇಮ್‌ಗಳದ್ದು. ಒಂದು ಕಾಲಂನಲ್ಲಿ ಹೆಸರು, ಇನ್ನೊಂದರಲ್ಲಿ ಕಾಪಿ, ಅಷ್ಟೇ. ಟೆಟ್ರಿಸ್ 52 ಕೋಟಿ, ಮೈನ್‌ಕ್ರಾಫ್ಟ್ 30 ಕೋಟಿ, ಜಿಟಿಎ 5 20 ಕೋಟಿ ಚಿಲ್ಲರೆ, ವೀ ಸ್ಪೋರ್ಟ್ಸ್ 8 ಕೋಟಿ ಚಿಲ್ಲರೆ. ಸಾರ್ಟ್ ಹೊಡೆದು ಫ್ರೆಂಡ್ಸ್ ಗ್ರೂಪಿಗೆ ಹಾಕಿ ಏನೋ ಘನಂದಾರಿ ಕೆಲಸ ಮಾಡ್ಬಿಟ್ಟೆ ಅಂತ ಕೂತಿದ್ದೆ. ಐದು ನಿಮಿಷ ಆಗಿಲ್ಲ, ಒಬ್ಬ ಕೇಳ್ದ, "ಯಾವ ಟೆಟ್ರಿಸ್ಸೋ?" ಅಂತ. ನನ್ಹತ್ರ ಉತ್ತರ ಇರ್ಲಿಲ್ಲ. ಯಾಕಂದ್ರೆ 52 ಕೋಟಿ ಅನ್ನೋದು ಒಂದು ಗೇಮ್ ಅಲ್ವೇ ಅಲ್ಲ, 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಬರೆದಿದ್ದ ಆ ಗೇಮಿನ ಹೆಸರಲ್ಲಿ ಆಮೇಲೆ ಯಾರ್ಯಾರೋ ಮಾಡಿದ ಎಷ್ಟೋ ವರ್ಶನ್‌ಗಳು, ಅದರಲ್ಲಿ ದೊಡ್ಡ ಪಾಲು ಮೊಬೈಲ್ ಡೌನ್‌ಲೋಡು, ಎಲ್ಲಾ ಒಂದೇ ಚೀಲಕ್ಕೆ ತುಂಬಿ ಆ ಬ್ರ್ಯಾಂಡ್ ಇಟ್ಕೊಂಡಿರೋ ಕಂಪನಿ ಹೇಳೋ ಮೊತ್ತ ಅದು. ಅದರ ಪಕ್ಕ ಜಿಟಿಎ 5 ಇಡೋದು ಅಂದ್ರೆ ಒಬ್ಬ ಮನುಷ್ಯನ ಎತ್ತರಾನ ಒಂದು ಇಡೀ ವಂಶದ ಎತ್ತರದ ಜೊತೆ ಅಳೆದ ಹಾಗೆ.

ಆ ಶೀಟನ್ನ ಸರಿ ಮಾಡೋಕೆ ಹೋಗಿ ಕಲಿತದ್ದನ್ನೇ ಇಲ್ಲಿ ಬರೀತಿದೀನಿ, ನಿಮಗೂ ಇಂಥ ನಂಬರ್ ಕಣ್ಣಿಗೆ ಬಿದ್ದಾಗ ಏನೇನು ನೋಡ್ಬೇಕು ಅಂತ.

ಮೊದಲನೇ ಕೆಲಸ, ನಂಬರನ್ನ ಬಿಟ್ಟು ಅದರ ಪಕ್ಕದ ಪದ ನೋಡಿ. ಮಾರಾಟ ಆಯ್ತು ಅಂತಿದ್ಯಾ, ಶಿಪ್ ಆಯ್ತು ಅಂತಿದ್ಯಾ, ಪ್ಲೇಯರ್ಸ್ ಅಂತಿದ್ಯಾ, ಡೌನ್‌ಲೋಡ್ ಅಂತಿದ್ಯಾ, ರಿಜಿಸ್ಟರ್ಡ್ ಅಕೌಂಟ್ ಅಂತಿದ್ಯಾ? ಇವೆಲ್ಲ ಬೇರೆ ಬೇರೆ ಪ್ರಾಣಿಗಳು. ಶಿಪ್ ಅಂದ್ರೆ ಕಂಪನಿಯಿಂದ ಅಂಗಡಿಗೆ ಹೋದದ್ದು, ಅಂಗಡಿಯಿಂದ ಗಿರಾಕಿ ಕೈಗೆ ಹೋಯ್ತೋ ಇಲ್ವೋ ಅದಕ್ಕೆ ಗೊತ್ತಿಲ್ಲ. ಇದರ ಅತಿ ಕೆಟ್ಟ ಉದಾಹರಣೆ ಅಟಾರಿ 2600 ಅನ್ನೋ ಹಳೇ ಗೇಮ್ ಕನ್ಸೋಲ್‌ಗೆ 1982ರಲ್ಲಿ ಬಂದ ಇ.ಟಿ. ಗೇಮು. ಅದೇ ಹೆಸರಿನ ಸಿನಿಮಾ ಹಿಟ್ ಆಗಿದೆ, ಕ್ರಿಸ್ಮಸ್ ಬರ್ತಿದೆ ಅಂತ ಬೇಕಾಬಿಟ್ಟಿ ಕಾರ್ಟ್ರಿಜ್ ಮಾಡಿ ಅಂಗಡಿಗಳಿಗೆ ತುಂಬಿದ್ರು, ಜನ ತಗೊಳ್ಳಲಿಲ್ಲ, ತಗೊಂಡವರೂ ಎಷ್ಟೋ ಜನ ವಾಪಸ್ ಕೊಟ್ರು, ಕೊನೆಗೆ 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಅಲಮೊಗೋರ್ಡೋ ಅನ್ನೋ ಊರಿನ ಕಸದ ಗುಂಡಿಯಲ್ಲಿ ಬೇರೆ ಗೇಮ್‌ಗಳ ಜೊತೆ ಅದನ್ನೂ ಹೂತರು. ಅದೆಲ್ಲ ಕಟ್ಟುಕಥೆ ಅಂತ ಬಹಳ ವರ್ಷ ಜನ ಅಂದ್ಕೊಂಡಿದ್ರು, 2014ರಲ್ಲಿ ಅಗೆದು ನೋಡಿದ್ರೆ ಕಾರ್ಟ್ರಿಜ್‌ಗಳು ಅಲ್ಲೇ ಇದ್ವು! ಬರೀ ಶಿಪ್ ಆದ ಲೆಕ್ಕ ನೋಡಿದ್ರೆ ಅದೂ ಒಂದು ಸೂಪರ್ ಹಿಟ್ಟೇ.

ಈಗ ಎಲ್ಲಾ ಡಿಜಿಟಲ್ ಆಗಿರೋದ್ರಿಂದ ಈ ಗ್ಯಾಪ್ ಕಮ್ಮಿ ಆಗಿದೆ ಆದ್ರೂ ಪೂರ್ತಿ ಹೋಗಿಲ್ಲ. ಜಿಟಿಎ ಮಾಡೋ ರಾಕ್‌ಸ್ಟಾರ್‌ನ ಮಾಲೀಕ ಕಂಪನಿ ಟೇಕ್-ಟೂ ತನ್ನ ರಿಪೋರ್ಟುಗಳಲ್ಲಿ ಈಗಲೂ "ಸೋಲ್ಡ್-ಇನ್" ಅಂತಲೇ ಬರೆಯುತ್ತೆ, ಅಂದ್ರೆ ಅಂಗಡಿಗೆ ಕೊಟ್ಟಿದ್ದೂ ಅದರೊಳಗೆ ಸೇರಿದೆ. ಪದ ಚಿಕ್ಕದು, ನ್ಯೂಸ್‌ಗೆ ಬರೋ ಹೊತ್ತಿಗೆ ಅದು ಬರೀ "ಸೋಲ್ಡ್" ಆಗಿರುತ್ತೆ.

ಪ್ಲೇಯರ್ಸ್ ಅನ್ನೋ ಪದದ ಬಗ್ಗೆ ಇನ್ನೂ ಹುಷಾರು. ಪಾಲ್‌ವರ್ಲ್ಡ್ ಅನ್ನೋ ಗೇಮು 2024ರ ಜನವರಿಯಲ್ಲಿ ಬಂದು ಒಂದು ತಿಂಗಳಿಗೆ 2.5 ಕೋಟಿ ಜನ ಆಡಿದ್ರು ಅಂತ ಸುದ್ದಿ ಆಯ್ತಲ್ಲ, ಅದನ್ನ ಬಿಡಿಸಿ ನೋಡಿದ್ರೆ ಸ್ಟೀಮ್‌ನಲ್ಲಿ (ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ) 1.5 ಕೋಟಿ ಕಾಪಿ, ಎಕ್ಸ್‌ಬಾಕ್ಸ್ ಕಡೆ 1 ಕೋಟಿ ಪ್ಲೇಯರ್ಸ್. ಎಕ್ಸ್‌ಬಾಕ್ಸ್ ಕಡೆ ಗೇಮ್ ಪಾಸ್ ಇದೆ, ಅಲ್ಲಿ ತಿಂಗಳ ಚಂದಾ ಕಟ್ಟಿರೋನು ಈ ಗೇಮಿಗೆ ಅಂತ ಬೇರೆ ದುಡ್ಡು ಕೊಟ್ಟಿರಲ್ಲ, ಹತ್ತು ನಿಮಿಷ ಆಡಿ ಬಿಟ್ರೂ ಪ್ಲೇಯರ್ರೇ. ಆ ಕಂಪನಿ ಪಾಪ ಎರಡನ್ನೂ ಬೇರೆ ಬೇರೆಯಾಗೇ ಹೇಳಿತ್ತು, ಕೂಡಿಸಿ "2.5 ಕೋಟಿ ಮಾರಾಟ" ಅಂತ ಹಂಚಿದವರು ನಮ್ಮಂಥವರೇ. ದೊಡ್ಡ ಕಂಪನಿಯ ಹೊಸ ಗೇಮಿಗೆ ಪ್ಲೇಯರ್ಸ್ ಲೆಕ್ಕ ಮಾತ್ರ ಕೊಟ್ಟು ಕಾಪಿ ಲೆಕ್ಕದ ಸುದ್ದೀನೇ ಎತ್ತದೆ ಇದ್ರೆ ನಾನಂತೂ ಒಂದು ಹುಬ್ಬು ಮೇಲೇರಿಸ್ತೀನಿ.

ಆಮೇಲೆ, ಆ ಗೇಮನ್ನ ಜನ ಆರಿಸಿ ತಗೊಂಡ್ರಾ ಅಥವಾ ಬೇರೆ ಏನೋ ತಗೊಂಡಾಗ ಜೊತೆಗೆ ಬಂತಾ? ವೀ ಸ್ಪೋರ್ಟ್ಸ್ 8 ಕೋಟಿ 20 ಲಕ್ಷದ ಮೇಲೆ ಹೋಗಿದ್ದು ಅದು ಚೆನ್ನಾಗಿದ್ದದ್ದಕ್ಕೂ ಹೌದು, ಆದ್ರೆ ಜಪಾನ್ ಥರದ ಒಂದೆರಡು ಕಡೆ ಬಿಟ್ಟು ವೀ ಕನ್ಸೋಲ್ ಡಬ್ಬದೊಳಗೇ ಅದನ್ನ ಇಟ್ಟು ಕೊಟ್ಟಿದ್ದಕ್ಕೂ ಹೌದು. ಕೈಯಲ್ಲಿ ಹಿಡಿದು ಆಡೋ ಗೇಮ್ ಬಾಯ್‌ನ ಟೆಟ್ರಿಸ್ಸೂ ಅದೇ ಕಥೆ. ಇಂಥ ಸಾಲುಗಳನ್ನ ಅಳಿಸೋದು ಬೇಡ, ಪಕ್ಕದಲ್ಲಿ "ಜೊತೆಗೆ ಬಂದದ್ದು" ಅಂತ ಒಂದು ಗುರುತು ಹಾಕಿ ಸಾಕು.

ಒಂದು ಗೇಮ್ ಅಂದ್ರೆ ಎಷ್ಟು ಅನ್ನೋದೂ ತಲೆನೋವೇ. ಜಿಟಿಎ 5 2013ರ ಸೆಪ್ಟೆಂಬರ್‌ನಲ್ಲಿ ಪಿಎಸ್3 (ಪ್ಲೇಸ್ಟೇಷನ್ 3), ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗಳಿಗೆ ಬಂತು, ಮರುವರ್ಷ ಪಿಎಸ್4 ಕಡೆ, 2015ರ ಏಪ್ರಿಲ್‌ಗೆ ಪಿಸಿಗೆ, 2022ರಲ್ಲಿ ಪಿಎಸ್5ಗೆ. ಒಬ್ಬನೇ ಮನುಷ್ಯ ಮೂರು ಸಲ ತಗೊಂಡಿದ್ರೆ ಮೂರು ಕಾಪಿ, ಅಂಥವರು ನನಗೇ ಇಬ್ಬರು ಗೊತ್ತು. ಹಾಗಾಗಿ 20 ಕೋಟಿ ಕಾಪಿ ಅಂದ್ರೆ 20 ಕೋಟಿ ಜನ ಅಲ್ಲ. ದಿ ಸಿಮ್ಸ್ 2002ರಲ್ಲಿ ಮಿಸ್ಟ್ ಅನ್ನೋ ಗೇಮನ್ನ ಹಿಂದೆ ಹಾಕಿ ಅತಿ ಹೆಚ್ಚು ಮಾರಾಟವಾದ ಪಿಸಿ ಗೇಮ್ ಅನ್ನಿಸ್ಕೊಂಡಾಗ ಲೆಕ್ಕ 60 ಲಕ್ಷದ ಆಚೀಚೆ ಇತ್ತು, ಅದು ಬೇಸ್ ಗೇಮಿಂದು ಮಾತ್ರ. ಅದಕ್ಕೆ ಬಂದ 7 ಎಕ್ಸ್‌ಪಾನ್ಶನ್ ಪ್ಯಾಕುಗಳನ್ನೂ (ಬೇರೆ ದುಡ್ಡು ಕೊಟ್ಟು ತಗೊಳ್ಳೋ ಹೆಚ್ಚುವರಿ ಭಾಗಗಳು) ಸೇರಿಸಿ ದೊಡ್ಡ ನಂಬರ್ ಹೇಳೋರೂ ಇದಾರೆ, ಆಗ ಒಂದೇ ಮನೇಲಿ ಎಂಟು "ಕಾಪಿ" ಇರುತ್ತೆ.

ಅಂದಹಾಗೆ ಇಂಗ್ಲಿಷ್‌ನಲ್ಲಿ ಓದಿ ಇಲ್ಲಿ ಬರೆಯೋವಾಗ ಮಿಲಿಯನ್ ಅಂದ್ರೆ 10 ಲಕ್ಷ, 10 ಮಿಲಿಯನ್ ಅಂದ್ರೆ 1 ಕೋಟಿ, ಬಿಲಿಯನ್ ಅಂದ್ರೆ 100 ಕೋಟಿ. ಗೊತ್ತಿರೋದೇ, ಆದ್ರೂ ರಾತ್ರಿ ಹನ್ನೊಂದಕ್ಕೆ ಶೀಟ್ ತುಂಬೋವಾಗ ನಾನು ಒಂದು ಸೊನ್ನೆ ಜಾಸ್ತಿ ಹಾಕಿ ಸ್ಟಾರ್‌ಡ್ಯೂ ವ್ಯಾಲಿಯನ್ನ ಮೈನ್‌ಕ್ರಾಫ್ಟ್‌ಗಿಂತ ಮೇಲೆ ಕೂರಿಸಿದ್ದೆ.

ಮುಂದಿನದು ತಾರೀಖು. ತಾರೀಖಿಲ್ಲದ ನಂಬರನ್ನ ಶೀಟಿಗೆ ಹಾಕ್ಲೇಬೇಡಿ. ಸ್ಟಾರ್‌ಡ್ಯೂ ವ್ಯಾಲಿ ಎರಿಕ್ ಬ್ಯಾರೋನ್ ಒಬ್ಬರೇ ನಾಲ್ಕೂವರೆ ವರ್ಷ ಕೂತು ಮಾಡಿದ್ದು, 2016ರ ಫೆಬ್ರವರಿಯಲ್ಲಿ ಬಂತು, ಮೊದಲ ಎರಡು ತಿಂಗಳಲ್ಲಿ 10 ಲಕ್ಷ, 2024ರ ಡಿಸೆಂಬರ್‌ಗೆ 4.1 ಕೋಟಿ. ಯಾವ ತಾರೀಖಿನ ನಂಬರ್ ತಗೊಂಡ್ರಿ ಅನ್ನೋದರ ಮೇಲೆ ಅದು "ಪರವಾಗಿಲ್ಲ ಚೆನ್ನಾಗಿ ಓಡಿದ ಚಿಕ್ಕ ಗೇಮು" ಇಲ್ಲಾಂದ್ರೆ ಚರಿತ್ರೆ. ಸೈಬರ್‌ಪಂಕ್ 2077 ಇದಕ್ಕೆ ಉಲ್ಟಾ. 2020ರ ಡಿಸೆಂಬರ್ 10ಕ್ಕೆ ಬಂದು ಹತ್ತೇ ದಿನದಲ್ಲಿ 1.3 ಕೋಟಿ, ಅದೇ ವಾರ ಬಗ್ಗುಗಳ ಕಾಟಕ್ಕೆ ಪ್ಲೇಸ್ಟೇಷನ್ ಸ್ಟೋರಿಂದ ಕಿತ್ತೂ ಹಾಕಿದ್ರು, ರಿಫಂಡ್ ಕೇಳೋರ ಸಾಲು. ಆಮೇಲೆ ರಿಪೇರಿ ಮಾಡ್ತಾ ಮಾಡ್ತಾ 2023ರಲ್ಲಿ ದೊಡ್ಡ ಅಪ್‌ಡೇಟ್ ಕೊಟ್ಟು 2024ರ ಕೊನೆಗೆ 3 ಕೋಟಿ. ಮೊದಲ ಹತ್ತು ದಿನದ ನಂಬರ್ ಹೇಳೋದು ಜನ ಗೇಮಿನ ಜಾಹೀರಾತನ್ನ ಎಷ್ಟು ನಂಬಿದ್ರು ಅಂತ, ನಾಲ್ಕು ವರ್ಷದ ನಂಬರ್ ಹೇಳೋದು ಗೇಮಿನ ಬಗ್ಗೆ.

ಈಗ ಮಜಾ ಇರೋ ಭಾಗ, ಕಂಪನಿ ಏನೂ ಹೇಳದೇ ಇರೋ ಚಿಕ್ಕ ಪಿಸಿ ಗೇಮ್ ಎಷ್ಟು ಮಾರಾಟ ಆಗಿರಬಹುದು ಅಂತ ನೀವೇ ಅಂದಾಜು ಮಾಡೋದು. ಮೊದಲು ಸ್ಟೀಮ್ ಸ್ಪೈ ಅಂತ ಒಂದು ಇತ್ತು, 2015ರಿಂದ, ಜನರ ಪಬ್ಲಿಕ್ ಪ್ರೊಫೈಲ್‌ಗಳನ್ನ ಸ್ಯಾಂಪಲ್ ತಗೊಂಡು ಯಾರ ಹತ್ರ ಯಾವ ಗೇಮಿದೆ ಅಂತ ಗುಣಿಸಿ ಹೇಳ್ತಿತ್ತು, 2018ರಲ್ಲಿ ಸ್ಟೀಮ್ ನಡೆಸೋ ಕಂಪನಿ ವಾಲ್ವ್ ಎಲ್ಲರ ಲೈಬ್ರರಿಯನ್ನೂ ಡಿಫಾಲ್ಟಾಗಿ ಮುಚ್ಚಿಡ್ತು, ಅಲ್ಲಿಗೆ ಅದರ ಕಣ್ಣು ಹೋಯ್ತು. ಈಗ ಡೆವಲಪರ್‌ಗಳು ಮಾಡೋದು ಸ್ಟೀಮ್‌ನಲ್ಲಿ ಆ ಗೇಮಿಗೆ ಬಿದ್ದಿರೋ ರಿವ್ಯೂ ಎಣಿಸೋದು. ನಿಮ್ಮ ಭಾಷೆಯ ರಿವ್ಯೂ ಮಾತ್ರ ಅಲ್ಲ, ಎಲ್ಲಾ ಭಾಷೆಯ ಒಟ್ಟು ಲೆಕ್ಕ ತಗೊಂಡು 30ರಿಂದ ಗುಣಿಸಿ. 30 ಅನ್ನೋದು ವೇದವಾಕ್ಯ ಅಲ್ಲ, ಗೇಮ್ ಮೇಲೆ ಜನಕ್ಕೆ ಸಿಟ್ಟೋ ಪ್ರೀತಿಯೋ ಜಾಸ್ತಿ ಇದ್ರೆ ರಿವ್ಯೂ ಜಾಸ್ತಿ ಬೀಳುತ್ತೆ, ಆಗ 20, ಸುಮ್ನೆ ಆಡಿ ಎದ್ದು ಹೋಗೋ ಗೇಮಾದ್ರೆ 50.

ಲೆಕ್ಕ ಮಾಡೇ ನೋಡೋಣ. 2,000 ರಿವ್ಯೂ ಇರೋ ಒಂದು ಗೇಮು, ಬೆಲೆ 20 ಡಾಲರ್ ಅಂತಿಟ್ಕೊಳ್ಳಿ. 2,000 ಇಂಟು 30, 60,000 ಕಾಪಿ. ಇಂಟು 20 ಅಂದ್ರೆ 12 ಲಕ್ಷ ಡಾಲರ್, ಸಾಮಾನ್ಯವಾಗಿ ಜನ ಇಲ್ಲಿಗೇ ನಿಲ್ಲಿಸಿ "ಅಬ್ಬಾ ಮಿಲಿಯನೇರ್ ಆಗ್ಬಿಟ್ಟ" ಅಂತಾರೆ. ಆದ್ರೆ ಪೂರ್ತಿ ಬೆಲೆ ಕೊಟ್ಟು ತಗೊಳ್ಳೋರು ಯಾರು, ಅರ್ಧ ಜನ ಸೇಲ್‌ಗೆ ಕಾಯ್ತಾರೆ, ಎಷ್ಟೋ ದೇಶದಲ್ಲಿ ಬೆಲೇನೇ ಕಮ್ಮಿ ಇಟ್ಟಿರ್ತಾರೆ, ಸರಾಸರಿ 10 ಡಾಲರ್ ಸಿಕ್ಕಿತು ಅನ್ನಿ. 6 ಲಕ್ಷ. ಟ್ಯಾಕ್ಸು, ರಿಫಂಡು (ತಗೊಂಡು 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತೆ) ಎಲ್ಲಾ ಸೇರಿ ಐದನೇ ಒಂದು ಭಾಗ ತೆಗೀರಿ, 4.8 ಲಕ್ಷ. ಅದರಲ್ಲಿ ಸ್ಟೀಮ್‌ನ ಪಾಲು 30 ಪರ್ಸೆಂಟ್, ಉಳಿದದ್ದು 3.36 ಲಕ್ಷ. ಪಬ್ಲಿಷರ್ ಇದ್ದು ಅರ್ಧ ತಗೊಂಡ್ರೆ 1.68 ಲಕ್ಷ. ಮೂರು ಜನ ಮೂರು ವರ್ಷ ಕೆಲಸ ಮಾಡಿದ್ರೆ ಒಬ್ಬನಿಗೆ ವರ್ಷಕ್ಕೆ 18,700 ಡಾಲರ್ ಹತ್ರ. 12 ಲಕ್ಷ ಎಲ್ಲಿ, ಇದೆಲ್ಲಿ! ದೊಡ್ಡೋರಿಗೆ ಇಲ್ಲೂ ರಿಯಾಯಿತಿ ಇದೆ, 2018ರಿಂದ 1 ಕೋಟಿ ಡಾಲರ್ ವಹಿವಾಟು ದಾಟಿದ ಗೇಮಿಗೆ ಆ ಮಿತಿ ದಾಟಿ ಬಂದ ದುಡ್ಡಲ್ಲಿ ಸ್ಟೀಮ್ ಪಾಲು 25 ಪರ್ಸೆಂಟ್, 5 ಕೋಟಿ ಡಾಲರ್ ದಾಟಿದ್ರೆ 20 ಪರ್ಸೆಂಟ್. ಉಳ್ಳವರಿಗೇ ಉಳಿತಾಯ.

ಖರ್ಚು ಗೊತ್ತಿಲ್ಲದೇ ಗೆದ್ದಿತೋ ಸೋತಿತೋ ಹೇಳೋಕೆ ಬರಲ್ಲ. 2013ರ ಟೂಂಬ್ ರೇಡರ್ ಮೊದಲ ನಾಲ್ಕು ವಾರದಲ್ಲೇ 34 ಲಕ್ಷ ಕಾಪಿ ಹೋಯ್ತು, ಆದ್ರೂ ಅದರ ಪಬ್ಲಿಷರ್ ಸ್ಕ್ವೇರ್ ಎನಿಕ್ಸ್ ನಮ್ಮ ನಿರೀಕ್ಷೆ ಮುಟ್ಟಲಿಲ್ಲ ಅಂತು. ತಮಾಷೆ ಏನಂದ್ರೆ ಈ ಬಜೆಟ್ ಲೆಕ್ಕಗಳನ್ನ ಕಂಪನಿಗಳು ಬಾಯಿಬಿಡಲ್ಲ, ಸಿಗೋದು ಹೆಚ್ಚಾಗಿ ಕೋರ್ಟಿನಲ್ಲಿ. 2023ರಲ್ಲಿ ಮೈಕ್ರೋಸಾಫ್ಟ್ ವಿರುದ್ಧದ ಕೇಸಿಗೆ ಸೋನಿ ಕೊಟ್ಟ ಕಾಗದದಲ್ಲಿ ಗುಟ್ಟಿನ ನಂಬರ್‌ಗಳ ಮೇಲೆ ಕಪ್ಪು ಮಾರ್ಕರ್ ಎಳೆದಿದ್ರು, ಸ್ಕ್ಯಾನ್ ಮಾಡಿದಾಗ ಮಾರ್ಕರ್ ತೆಳ್ಳಗಾಗಿ ಅಡಿಯ ಅಕ್ಷರ ಕಾಣಿಸ್ಬಿಡ್ತು. ದಿ ಲಾಸ್ಟ್ ಆಫ್ ಅಸ್ 2ನೇ ಭಾಗಕ್ಕೆ 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ ಡಾಲರ್ ಅಂತ ಜಗತ್ತಿಗೆ ಗೊತ್ತಾಗಿದ್ದು ಆ ಮಾರ್ಕರ್ ಪೆನ್ನಿನ ದಯೆಯಿಂದ. ಮೇಲಿನ ನನ್ನ ಲೆಕ್ಕವನ್ನೇ ಅದಕ್ಕೂ ಹಾಕಿ ನೋಡಿ, ಹಾಕಿದ ದುಡ್ಡು ವಾಪಸ್ ಬರೋಕೇ ಎಷ್ಟು ಲಕ್ಷ ಕಾಪಿ ಹೋಗ್ಬೇಕು ಅಂತ. ಸ್ಟಾರ್‌ಡ್ಯೂಗೆ ಖರ್ಚಾದದ್ದು ಹೆಚ್ಚಾಗಿ ಒಬ್ಬನ ಟೈಮು.

ಇನ್ನು ಫ್ರೀ ಗೇಮ್‌ಗಳು. ಇಲ್ಲಿ ಕಾಪಿ ಅನ್ನೋ ಮಾತೇ ಇಲ್ಲ, ದುಡ್ಡು ಬರೋದು ಗೇಮಿನೊಳಗೆ ಮಾರೋ ವಸ್ತುಗಳಿಂದ. ಫೋರ್ಟ್‌ನೈಟ್ 2018, 2019 ಎರಡೇ ವರ್ಷದಲ್ಲಿ 900 ಕೋಟಿ ಡಾಲರ್ ದಾಟಿ ದುಡಿದಿತ್ತು ಅಂತ ಅದನ್ನ ಮಾಡಿದ ಎಪಿಕ್ ಮತ್ತು ಆಪಲ್ ಜಗಳದ ಕೋರ್ಟ್ ಕಾಗದದಲ್ಲಿ ಹೊರಗೆ ಬಂತು, ಆದ್ರೆ ಅತಿ ಹೆಚ್ಚು ಮಾರಾಟದ ಪಟ್ಟಿಯಲ್ಲಿ ಅದರ ಹೆಸರು ಬರೋಕೆ ದಾರಿನೇ ಇಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಥರ ತಿಂಗಳ ಚಂದಾ ಗೇಮಾದ್ರೆ ಚಂದಾದಾರರ ಸಂಖ್ಯೆ ನೋಡ್ಬೇಕು, 2010ರಲ್ಲಿ 1.2 ಕೋಟಿ ಇತ್ತು, 2015ರಲ್ಲಿ 55 ಲಕ್ಷಕ್ಕೆ ಇಳಿದ ಮೇಲೆ ಇನ್ಮುಂದೆ ಈ ಲೆಕ್ಕ ಹೇಳಲ್ಲ ಅಂದ್ಬಿಟ್ರು. ಹೇಳೋದನ್ನ ನಿಲ್ಲಿಸಿದ್ರು ಅನ್ನೋದೇ ಒಂದು ಮಾಹಿತಿ, ಅದನ್ನೂ ಬರ್ಕೊಳ್ಳಿ. ಸ್ಟೀಮ್‌ನ ಟಾಪ್ ಸೆಲ್ಲರ್ ಪಟ್ಟಿಯೂ ಕಾಪಿ ಎಣಿಸಲ್ಲ, ದುಡ್ಡು ಎಣಿಸುತ್ತೆ, ಅದಕ್ಕೇ ಫ್ರೀ ಇರೋ ಕೌಂಟರ್-ಸ್ಟ್ರೈಕ್ ಅಲ್ಲಿ ಮೇಲೆ ಕೂತಿರುತ್ತೆ.

ಹಳೇ ಪಿಸಿ ಗೇಮ್‌ಗಳ ಪಟ್ಟಿ ಸಿಕ್ರೆ ಅದನ್ನ ಯಾರು ಎಣಿಸಿದ್ದು ನೋಡಿ, 2000ದ ದಶಕದ ಎಷ್ಟೋ ಲೆಕ್ಕ ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾದ ಡಬ್ಬಗಳದ್ದು ಮಾತ್ರ, ಸ್ಟೀಮ್‌ನಲ್ಲಿ ಹೋದದ್ದು ಅದರಲ್ಲಿ ಇಲ್ಲ. "ಪಿಸಿ ಗೇಮಿಂಗ್ ಸತ್ತೋಯ್ತು" ಅಂತ ಆಗ ಬರೆದವರು ನೋಡಿದ್ದು ಆ ಡಬ್ಬಗಳನ್ನೇ.

ನಂಬಬಹುದಾದ ಜಾಗ ಅಂದ್ರೆ ಷೇರು ಮಾರುಕಟ್ಟೆಯಲ್ಲಿರೋ ಕಂಪನಿಗಳ ಹೂಡಿಕೆದಾರರ ಪುಟ. ಕ್ಯಾಪ್‌ಕಾಮ್ 10 ಲಕ್ಷ ದಾಟಿದ ತನ್ನ ಗೇಮ್‌ಗಳನ್ನೆಲ್ಲ ಪ್ಲ್ಯಾಟಿನಂ ಟೈಟಲ್ಸ್ ಅಂತ ಪಟ್ಟಿ ಮಾಡಿ ಮೂರು ತಿಂಗಳಿಗೊಮ್ಮೆ ತಿದ್ದುತ್ತೆ, ನಿಂಟೆಂಡೋನೂ ತನ್ನ ಅತಿ ಹೆಚ್ಚು ಮಾರಾಟದ ಗೇಮ್‌ಗಳ ಲೆಕ್ಕ ಹಾಗೇ ಕೊಡುತ್ತೆ. ಅಲ್ಲಿ ಸುಳ್ಳು ಹೇಳಿದ್ರೆ ಹೂಡಿಕೆದಾರರು ಸುಮ್ನೆ ಬಿಡಲ್ಲ. ವಾಲ್ವ್ ಖಾಸಗಿ ಕಂಪನಿ, ಅಂಥ ಪುಟ ಅದಕ್ಕಿಲ್ಲ.

ನನ್ನ ಶೀಟಿನಲ್ಲಿ ಈಗ ಎರಡರ ಬದಲು ಏಳು ಕಾಲಂ ಇದೆ: ಹೆಸರು, ನಂಬರು, ಯಾವ ಪದ ಬಳಸಿದ್ರು, ಯಾರು ಹೇಳಿದ್ದು, ತಾರೀಖು, ಜೊತೆಗೆ ಬಂದದ್ದಾ, ಬೇರೆ ಟಿಪ್ಪಣಿ. ಸಾರ್ಟ್ ಒತ್ತಿದ್ರೆ ಮೈನ್‌ಕ್ರಾಫ್ಟ್ ಮೇಲೆ ಬರುತ್ತೆ, 30 ಕೋಟಿ, ಸೋಲ್ಡ್, 2023ರ ಅಕ್ಟೋಬರ್. ಟೆಟ್ರಿಸ್ಸನ್ನ ಬೇರೆ ಟ್ಯಾಬಿಗೆ ಹಾಕಿದೀನಿ. ಫೋರ್ಟ್‌ನೈಟ್ ಸಾಲಿನಲ್ಲಿ ನಂಬರ್ ಕಾಲಂ ಖಾಲಿ, ಟಿಪ್ಪಣಿ ಕಾಲಂ ಮಾತ್ರ ತುಂಬಿ ಪಕ್ಕಕ್ಕೆ ಚೆಲ್ತಿದೆ.