ಲಿನಕ್ಸ್ ಡ್ರೈವರ್‌ನಲ್ಲಿ ಸೆನ್ಸರ್ ದತ್ತಾಂಶವನ್ನು ಬಫರ್‌ಗೆ ತುಂಬುವ ಕ್ರಮ

ಲಿನಕ್ಸ್ ಕರ್ನಲ್‌ನ ಇಂಡಸ್ಟ್ರಿಯಲ್ ಐಒ ಉಪವ್ಯವಸ್ಥೆಯಲ್ಲಿ, ಅಂದರೆ ಐಐಒದಲ್ಲಿ, ವೇಗೋತ್ಕರ್ಷ ಅಳೆಯುವ ಆಕ್ಸೆಲೆರೋಮೀಟರ್‌ನಂಥ ಸೆನ್ಸರ್‌ಗೆ ಡ್ರೈವರ್ ಬರೆಯುವವರು ಮೊದಲು ಸಿದ್ಧಪಡಿಸುವುದು ಸಿಸ್‌ಎಫ್‌ಎಸ್ ಕಡತಗಳನ್ನು, ಅಂದರೆ ಕರ್ನಲ್ ಒಳಗಿನ ಬೆಲೆಗಳನ್ನು ಬಳಕೆದಾರರಿಗೆ ತೋರಿಸುವ ಕಡತಗಳನ್ನು. ಎಕ್ಸ್, ವೈ, ಝಡ್ ಅಕ್ಷಗಳಿಗೆ ಒಂದೊಂದು ಕಡತವಿದ್ದು, ಅದನ್ನು ಓದಿದಾಗಲೆಲ್ಲ ಡ್ರೈವರ್‌ನ ರೀಡ್ ರಾ ಫಂಕ್ಷನ್ ಸೆನ್ಸರನ್ನು ಪ್ರೊಸೆಸರ್‌ಗೆ ಜೋಡಿಸುವ ಐ2ಸಿ ಬಸ್‌ನಿಂದ ಬೆಲೆಯನ್ನು ತಂದು ಪಠ್ಯರೂಪದಲ್ಲಿ ಕೊಡುತ್ತದೆ. ನಿಮಿಷಕ್ಕೊಮ್ಮೆ ತಾಪಮಾನ ನೋಡುವವರಿಗೆ ಇಷ್ಟು ಸಾಕು. ಯಂತ್ರವೊಂದರ ಕಂಪನವನ್ನು ಸೆಕೆಂಡಿಗೆ 100 ಬಾರಿ ಅಳೆಯಬೇಕಾದವರಿಗೆ ಸಾಲದು. ಮೂರು ಅಕ್ಷಗಳ ಬೆಲೆಗಳು ಮೂರು ಬೇರೆ ಬೇರೆ ಕ್ಷಣಗಳಿಗೆ ಸೇರಿರುತ್ತವೆ, ಎರಡು ಮಾದರಿಗಳ ನಡುವಿನ ಅಂತರವೂ ಯಾವ ಕೆಲಸ ಯಾವಾಗ ಓಡಬೇಕೆಂದು ನಿರ್ಧರಿಸುವ ಶೆಡ್ಯೂಲರ್‌ನ ಮರ್ಜಿಗೆ ಬಿಟ್ಟದ್ದಾಗಿರುತ್ತದೆ. ರೀಡ್ ರಾ ಸರಿಯಾಗಿ ಕೆಲಸ ಮಾಡುತ್ತಿರುವ ಡ್ರೈವರ್‌ಗೆ ಟ್ರಿಗರ್ ಆಧಾರಿತ ಬಫರನ್ನು, ಅಂದರೆ ಟ್ರಿಗರ್ ಎಂಬ ಸೂಚನೆ ಬಂದಾಗಲೆಲ್ಲ ಮಾದರಿಯನ್ನು ತುಂಬಿಸಿಕೊಳ್ಳುವ ಮೆಮೊರಿ ಜಾಗವನ್ನು, ಸೇರಿಸುವ ಬಗೆಯನ್ನು ಇಲ್ಲಿ ವಿವರಿಸಿದೆ.

ಮೊದಲ ಕೆಲಸ ಚಾನೆಲ್‌ಗಳ (ಒಂದೊಂದು ಅಕ್ಷದಂತೆ ಪ್ರತ್ಯೇಕವಾಗಿ ಅಳೆಯುವ ಬೆಲೆಗಳ) ವಿವರಣೆಯನ್ನು ಪೂರ್ಣಗೊಳಿಸುವುದು. ಪ್ರತಿ ಚಾನೆಲ್‌ಗೂ ಸ್ಕ್ಯಾನ್ ಇಂಡೆಕ್ಸ್ ಕೊಡಬೇಕು. ಬಫರ್‌ನಲ್ಲಿ ಬೆಲೆಗಳು ಇದೇ ಕ್ರಮದಲ್ಲಿ ಕೂರುತ್ತವೆ. ಸ್ಕ್ಯಾನ್ ಟೈಪ್‌ನಲ್ಲಿ ಚಿಹ್ನೆ, ನಿಜವಾದ ಬಿಟ್‌ಗಳ ಸಂಖ್ಯೆ, ಶೇಖರಣೆಯ ಬಿಟ್‌ಗಳ ಸಂಖ್ಯೆ, ಬಲಕ್ಕೆ ಸರಿಸಬೇಕಾದ ಬಿಟ್‌ಗಳು ಮತ್ತು ಬೈಟ್‌ಗಳ ಕ್ರಮವನ್ನು ತಿಳಿಸಬೇಕು. ಸೆನ್ಸರ್ 12 ಬಿಟ್‌ಗಳ ಬೆಲೆಯನ್ನು 16 ಬಿಟ್‌ಗಳ ಜಾಗದಲ್ಲಿ ಎಡಕ್ಕೆ ಒತ್ತರಿಸಿ ಇಡುವುದಾದರೆ ಸರಿಸುವಿಕೆ 4 ಆಗುತ್ತದೆ. ಡ್ರೈವರ್‌ನೊಳಗೇ ಬಿಟ್‌ಗಳನ್ನು ಸರಿಸಿ, ಬೈಟ್‌ಗಳನ್ನು ಅದಲುಬದಲು ಮಾಡಿ ಚೊಕ್ಕಟವಾದ ಸಂಖ್ಯೆಯನ್ನು ಕೊಡುವ ಆಸೆ ಹುಟ್ಟುವುದು ಸಹಜ, ಆದರೆ ಅದರ ಅಗತ್ಯವಿಲ್ಲ. ಚಿಪ್ ಕೊಟ್ಟ ಬೈಟ್‌ಗಳನ್ನು ಹಾಗೆಯೇ ತಳ್ಳಿ ಅವುಗಳ ಆಕಾರವನ್ನು ಮಾತ್ರ ಸರಿಯಾಗಿ ಘೋಷಿಸಿದರೆ, ಬಿಡಿಸುವ ಕೆಲಸವನ್ನು ಬಳಕೆದಾರರ ಪ್ರೋಗ್ರಾಂ ಮಾಡಿಕೊಳ್ಳುತ್ತದೆ. ಚಾನೆಲ್‌ಗಳ ಪಟ್ಟಿಯ ಕೊನೆಗೆ ಮಾದರಿಯ ಸಮಯವನ್ನು ಹೊರುವ ಸಾಫ್ಟ್ ಟೈಮ್‌ಸ್ಟ್ಯಾಂಪ್ ಚಾನೆಲ್ ಸೇರಿಸುವುದನ್ನು ಮರೆಯಬಾರದು.

ಬಳಕೆದಾರರು ಎಕ್ಸ್ ಮತ್ತು ಝಡ್ ಮಾತ್ರ ಬೇಕೆಂದರೆ ಡ್ರೈವರ್ ಅವೆರಡನ್ನೇ ಒತ್ತೊತ್ತಾಗಿ ಜೋಡಿಸಿ ಕೊಡಬೇಕಾಗುತ್ತದೆ. ಚಿಪ್ ಮೂರನ್ನೂ ಒಂದೇ ಓದಿನಲ್ಲಿ ಕೊಡುವಾಗ ಈ ತೊಡಕು ಬೇಕಿಲ್ಲ. ಅವೈಲಬಲ್ ಸ್ಕ್ಯಾನ್ ಮಾಸ್ಕ್ಸ್ ಪಟ್ಟಿಯಲ್ಲಿ ಮೂರು ಅಕ್ಷಗಳ ಮಾಸ್ಕನ್ನು (ಯಾವ ಚಾನೆಲ್‌ಗಳೆಂದು ಬಿಟ್‌ಗಳಲ್ಲಿ ಸೂಚಿಸುವ ಸಂಖ್ಯೆಯನ್ನು) ಬರೆದು, ಪಟ್ಟಿಯನ್ನು ಸೊನ್ನೆಯಿಂದ ಮುಗಿಸಿದರೆ, ಡ್ರೈವರ್ ಸದಾ ಮೂರನ್ನೂ ತಳ್ಳಬಹುದು. ಬೇಡದ್ದನ್ನು ಐಐಒ ಕೋರ್ ತಾನೇ ತೆಗೆದುಹಾಕುತ್ತದೆ.

ನಂತರ ಕರ್ನಲ್ ಕಟ್ಟುವಾಗಿನ ಆಯ್ಕೆಗಳ ಕಡತವಾದ ಕೆಕಾನ್ಫಿಗ್‌ನಲ್ಲಿ ಐಐಒ ಬಫರ್ ಮತ್ತು ಐಐಒ ಟ್ರಿಗರ್ಡ್ ಬಫರ್ ಆಯ್ಕೆಗಳನ್ನು ಸೇರಿಸಿ, ಸಾಧನ ಪತ್ತೆಯಾದಾಗ ಓಡುವ ಪ್ರೋಬ್ ಫಂಕ್ಷನ್‌ನಲ್ಲಿ ಸಾಧನವನ್ನು ನೋಂದಾಯಿಸುವ ಮುನ್ನ ಟ್ರಿಗರ್ಡ್ ಬಫರ್ ಸೆಟಪ್ ಫಂಕ್ಷನ್‌ನ ಡೆವ್‌ಎಂ ರೂಪವನ್ನು (ಸಾಧನ ಹೋದಾಗ ತಾನೇ ಬಿಡುಗಡೆಯಾಗುವ ರೂಪವನ್ನು) ಕರೆಯಬೇಕು. ಇದಕ್ಕೆ ಎರಡು ಹ್ಯಾಂಡ್ಲರ್‌ಗಳನ್ನು ಕೊಡಲಾಗುತ್ತದೆ. ಮೇಲಿನದು ಇಂಟರಪ್ಟ್ ಸಂದರ್ಭದಲ್ಲೇ, ಅಂದರೆ ಹಾರ್ಡ್‌ವೇರ್ ಪ್ರೊಸೆಸರನ್ನು ತಡೆದು ಕರೆದ ಕ್ಷಣದಲ್ಲೇ, ಓಡುವುದರಿಂದ ಅಲ್ಲಿ ನಿದ್ರಿಸುವಂತಿಲ್ಲ. ಕೋರ್‌ನಲ್ಲಿ ಸಿದ್ಧವಿರುವ ಪೋಲ್‌ಫಂಕ್ ಸ್ಟೋರ್ ಟೈಮ್ ಅನ್ನು ಇಲ್ಲಿಟ್ಟರೆ ಅದು ಸಮಯವನ್ನು ದಾಖಲಿಸುತ್ತದೆ. ಕೆಳಗಿನದು ಥ್ರೆಡ್‌ನಲ್ಲಿ ಓಡುವುದರಿಂದ ಐ2ಸಿ ಓದು ಅಲ್ಲಿ ನಡೆಯಬಹುದು. ಸಮಯವನ್ನು ಮೇಲೆಯೇ ಹಿಡಿಯುವುದಕ್ಕೆ ಕಾರಣವಿದೆ: ಥ್ರೆಡ್‌ಗೆ ಸರದಿ ಬರುವುದು ತಡವಾದರೂ ಮಾದರಿಯ ಸಮಯ ಅಲುಗಾಡುವುದಿಲ್ಲ. ಟ್ರಿಗರ್ ಬೇರೊಂದು ಥ್ರೆಡ್‌ನೊಳಗಿಂದ ನೆಸ್ಟೆಡ್ ರೀತಿಯಲ್ಲಿ ಬರುವುದಾದರೆ ಮಾತ್ರ ಮೇಲಿನ ಹ್ಯಾಂಡ್ಲರ್ ಓಡುವುದಿಲ್ಲ. ಅಂಥ ಕಡೆ ಥ್ರೆಡ್‌ನಲ್ಲೇ ಸಮಯ ತೆಗೆದುಕೊಳ್ಳುವುದು ಕ್ಷೇಮ.

ಥ್ರೆಡ್ ಹ್ಯಾಂಡ್ಲರ್ ಮೂರೂ ಅಕ್ಷಗಳ 6 ಬೈಟ್‌ಗಳನ್ನು ಒಂದೇ ವ್ಯವಹಾರದಲ್ಲಿ ಓದಬೇಕು. ಬಿಡಿಬಿಡಿಯಾಗಿ ಓದಿದರೆ ನಡುವೆ ಹೊಸ ಮಾದರಿ ಬಂದು ಎರಡು ಕ್ಷಣಗಳ ಬೆಲೆಗಳು ಬೆರೆಯುತ್ತವೆ. ಈ ಬೈಟ್‌ಗಳನ್ನು ಇಡುವ ಸ್ಟ್ರಕ್ಚರ್‌ನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಟೈಮ್‌ಸ್ಟ್ಯಾಂಪ್ 64 ಬಿಟ್‌ಗಳದ್ದು, ಅದು 8 ಬೈಟ್‌ಗಳ ಗಡಿಯಲ್ಲೇ ಕೂರಬೇಕು. ಹಾಗಾಗಿ 6 ಬೈಟ್ ದತ್ತಾಂಶ, 2 ಬೈಟ್ ಖಾಲಿ ಜಾಗ, 8 ಬೈಟ್ ಸಮಯ ಸೇರಿ ಒಂದು ಮಾದರಿ 16 ಬೈಟ್‌ಗಳಾಗುತ್ತದೆ. 32 ಬಿಟ್‌ಗಳ ಎಕ್ಸ್86ನಲ್ಲಿ ಸಾಮಾನ್ಯ ಎಸ್64 (64 ಬಿಟ್‌ಗಳ ಚಿಹ್ನೆಯುಳ್ಳ ಪೂರ್ಣಾಂಕ) ನಾಲ್ಕು ಬೈಟ್‌ಗಳ ಗಡಿಯಲ್ಲಿ ಕೂರಬಲ್ಲದಾದ್ದರಿಂದ ಅಲೈನ್ಡ್ ಎಸ್64 ಬಳಸಬೇಕು. ಇನ್ನು ಆ 2 ಖಾಲಿ ಬೈಟ್‌ಗಳು: ಸ್ಟ್ರಕ್ಚರನ್ನು ಸ್ಟ್ಯಾಕ್ ಮೇಲಿಟ್ಟು ಸೊನ್ನೆಗೊಳಿಸದೆ ತಳ್ಳಿದರೆ, ಕರ್ನಲ್‌ನ ಹಳೆಯ ಬೈಟ್‌ಗಳು ಬಳಕೆದಾರರ ಕೈಗೆ ಸೋರುತ್ತವೆ. ಡ್ರೈವರ್‌ನ ಖಾಸಗಿ ದತ್ತಾಂಶವನ್ನು ಕೋರ್ ಸೊನ್ನೆಗೊಳಿಸಿಯೇ ಕೊಡುವುದರಿಂದ ಸ್ಟ್ರಕ್ಚರನ್ನು ಅಲ್ಲಿಡುವುದು ಉತ್ತಮ. ಎಸ್‌ಪಿಐ ಎಂಬ ಇನ್ನೊಂದು ಬಸ್‌ನ ಸೆನ್ಸರ್ ಆದರೆ ಡಿಎಂಎಗೆ (ಪ್ರೊಸೆಸರ್ ನೆರವಿಲ್ಲದೆ ಮೆಮೊರಿಗೆ ನೇರ ವರ್ಗಾವಣೆಗೆ) ತಕ್ಕ ಅಲೈನ್‌ಮೆಂಟ್ ಕೂಡ ಬೇಕು.

ಓದಿದ ಮೇಲೆ ಪುಶ್ ಟು ಬಫರ್ಸ್ ವಿತ್ ಟೈಮ್‌ಸ್ಟ್ಯಾಂಪ್ ಫಂಕ್ಷನ್ ಕರೆದು, ಕೊನೆಗೆ ಟ್ರಿಗರ್ ನೋಟಿಫೈ ಡನ್ ಕರೆಯಬೇಕು. ಬಸ್‌ನಲ್ಲಿ ದೋಷ ಬಂದು ಓದು ವಿಫಲವಾದಾಗ ನಡುವಿನಿಂದಲೇ ಹಿಂದಿರುಗಿ ಈ ಕೊನೆಯ ಕರೆಯನ್ನು ಬಿಟ್ಟರೆ, ಹಿಂದಿನ ಕೆಲಸ ಮುಗಿದಿಲ್ಲವೆಂದೇ ಟ್ರಿಗರ್ ಭಾವಿಸುತ್ತದೆ, ಹ್ಯಾಂಡ್ಲರ್ ಮತ್ತೆ ಓಡುವುದೇ ಇಲ್ಲ. ಒಂದೇ ಒಂದು ಐ2ಸಿ ದೋಷದಿಂದ ಇಡೀ ದತ್ತಾಂಶ ಸದ್ದಿಲ್ಲದೆ ನಿಂತುಹೋಗುವುದು ಹೀಗೆ. ಆದ್ದರಿಂದ ವಿಫಲ ದಾರಿಯೂ ಇದೇ ಕರೆಯ ಮೂಲಕವೇ ಹೊರಬರಬೇಕು. ಬಫರ್ ಚಾಲನೆಯಲ್ಲಿರುವಾಗ ರೀಡ್ ರಾ ಅಡ್ಡ ಬರದಂತೆ ಡೈರೆಕ್ಟ್ ಮೋಡ್ ಕ್ಲೇಮ್ ಮಾಡಿಸಿ (ಬಫರ್ ಓಡದಿರುವಾಗ ಮಾತ್ರ ಸಿಗುವ ನೇರ ಓದಿನ ಹಕ್ಕನ್ನು ಕೇಳಿಸಿ), ಸಿಗದಿದ್ದರೆ ಸಾಧನ ಬಿಡುವಿಲ್ಲ ಎನ್ನುವ ಇಬಿಸಿ (EBUSY) ದೋಷವನ್ನು ಹಿಂದಿರುಗಿಸಬೇಕು.

ಪರೀಕ್ಷೆಗೆ ಸೆನ್ಸರ್‌ನ ಇಂಟರಪ್ಟ್ ತಂತಿ ಇಲ್ಲದಿದ್ದರೂ ಅಡ್ಡಿಯಿಲ್ಲ. ಕಡತಕೋಶ ಸೃಷ್ಟಿಸಿ ಕರ್ನಲ್ ವಸ್ತುಗಳನ್ನು ಹುಟ್ಟಿಸುವ ಕಾನ್ಫಿಗ್‌ಎಫ್‌ಎಸ್‌ನಲ್ಲಿ ಐಐಒ ಟ್ರಿಗರ್‌ಗಳ ಎಚ್‌ಆರ್‌ಟೈಮರ್ ಕಡತಕೋಶದೊಳಗೆ ಒಂದು ಹೊಸ ಕೋಶವನ್ನು ಸೃಷ್ಟಿಸಿದರೆ ಟೈಮರ್ ಟ್ರಿಗರ್ ಸಿದ್ಧವಾಗುತ್ತದೆ. ಅದರ ಹೆಸರನ್ನು ಸಾಧನದ ಕರೆಂಟ್ ಟ್ರಿಗರ್ ಕಡತಕ್ಕೆ ಬರೆದು, ಬೇಕಾದ ಚಾನೆಲ್‌ಗಳ ಎನ್ (en, ಅಂದರೆ ಸಕ್ರಿಯಗೊಳಿಸುವ) ಕಡತಗಳಿಗೆ 1 ಬರೆದು, ಬಫರ್‌ನ ಉದ್ದವನ್ನು ನಿಗದಿಪಡಿಸಿ, ಕೊನೆಯಲ್ಲಿ ಬಫರನ್ನು ಚಾಲೂ ಮಾಡಬೇಕು. ಐಐಒದ ಸಮಯ ಪೂರ್ವನಿಯೋಜಿತವಾಗಿ ರಿಯಲ್‌ಟೈಮ್ ಗಡಿಯಾರದ್ದು. ಜಾಲದ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ತಿದ್ದಿದಾಗ ಅದು ಜಿಗಿಯಬಹುದಾದ್ದರಿಂದ, ಚಾಲೂ ಮಾಡುವ ಮೊದಲೇ ಹಿಂದಕ್ಕೆ ಹೋಗದ ಮೊನೊಟಾನಿಕ್ ಗಡಿಯಾರಕ್ಕೆ ಬದಲಿಸುವುದು ಒಳಿತು. ಕರ್ನಲ್ ಮೂಲದ ಟೂಲ್ಸ್ ವಿಭಾಗದಲ್ಲಿರುವ ಐಐಒ ಜೆನೆರಿಕ್ ಬಫರ್ ಪ್ರೋಗ್ರಾಂ ಬಂದ ಬೈಟ್‌ಗಳನ್ನು ಬಿಡಿಸಿ ತೋರಿಸುತ್ತದೆ. ಬೋರ್ಡನ್ನು ಮೇಜಿನ ಮೇಲೆ ಸಮತಟ್ಟಾಗಿಟ್ಟಾಗ ಝಡ್ ಅಕ್ಷ ಗುರುತ್ವದ ಸುಮಾರು 9.8 ಮೀ/ಸೆ² ತೋರಿಸದಿದ್ದರೆ ಮೊದಲು ಸಂಶಯಿಸಬೇಕಾದದ್ದು ಸರಿಸುವಿಕೆ ಮತ್ತು ಬೈಟ್ ಕ್ರಮವನ್ನು.

ವೇಗ ಇನ್ನೂ ಹೆಚ್ಚಬೇಕಾದರೆ ಪ್ರತಿ ಮಾದರಿಗೂ ಪ್ರೊಸೆಸರನ್ನು ಎಬ್ಬಿಸುವುದು ದುಬಾರಿ. ಎಡಿಎಕ್ಸ್‌ಎಲ್345ರಂಥ ಚಿಪ್‌ಗಳಲ್ಲಿ 32 ಮಾದರಿಗಳ ಫಿಫೊ, ಅಂದರೆ ಮೊದಲು ಬಂದದ್ದು ಮೊದಲು ಹೊರಹೋಗುವ ಸಾಲು, ಇದೆ. ಎಷ್ಟು ಮಾದರಿ ತುಂಬಿದಾಗ ಇಂಟರಪ್ಟ್ ಬರಬೇಕೆಂಬ ವಾಟರ್‌ಮಾರ್ಕನ್ನು 16ಕ್ಕೆ ಇಟ್ಟರೆ ಸೆಕೆಂಡಿಗೆ 100 ಮಾದರಿಗಳಿದ್ದರೂ ಇಂಟರಪ್ಟ್‌ಗಳು ಆರೇಳು ಮಾತ್ರ. ಆಗ 16 ಮಾದರಿಗಳಿಗೂ ಸಿಗುವುದು ಒಂದೇ ಸಮಯವಾದ್ದರಿಂದ ಉಳಿದವುಗಳ ಸಮಯವನ್ನು ಡ್ರೈವರ್ ಹಿಂದಕ್ಕೆ ಲೆಕ್ಕ ಹಾಕಿ ತುಂಬಬೇಕಾಗುತ್ತದೆ. ಈ ಲೆಕ್ಕಕ್ಕೆ ಡೇಟಾಶೀಟ್‌ನ ಆವರ್ತನವನ್ನು ನೆಚ್ಚಿಕೊಳ್ಳದೆ, ಹಿಂದಿನ ಇಂಟರಪ್ಟ್‌ಗೂ ಈಗಿನದಕ್ಕೂ ನಡುವಿನ ಸಮಯವನ್ನು ಆ ಅವಧಿಯಲ್ಲಿ ಬಂದ ಮಾದರಿಗಳ ಸಂಖ್ಯೆಯಿಂದ ಭಾಗಿಸಬೇಕು, ಏಕೆಂದರೆ ಚಿಪ್‌ನೊಳಗಿನ ಗಡಿಯಾರವಾದ ಆಸಿಲೇಟರ್ ಬರೆದಿಟ್ಟಷ್ಟೇ ವೇಗದಲ್ಲಿ ಓಡುವುದು ಅಪರೂಪ.